ಆಲಾಪದ ನಡುವೆ ಸದ್ದಿಲ್ಲದ ಕ್ಯಾಮೆರಾ: ಕಛೇರಿ ಛಾಯಾಗ್ರಾಹಕರ ಕೈಯಲ್ಲಿ ನಿಕಾನ್ ಝೆಡ್ 6 ತ್ರೀ

ಊರೂರು ಸುತ್ತುವ ಸಂಗೀತಗಾರರನ್ನು ಚಿತ್ರಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಹೊಸ ಕ್ಯಾಮೆರಾ ನೋಡಿದಾಗ ಮೊದಲು ವಿಚಾರಿಸುವುದು ಅದರ ಸದ್ದನ್ನು; ಮೆಗಾಪಿಕ್ಸೆಲ್ಲಿನ ಮಾತು ಆಮೇಲೆ ಬರುತ್ತದೆ. ಗಾಯಕರು ತಂಬೂರಿಯ ನಾದದಲ್ಲಿ ಮಂದ್ರ ಷಡ್ಜವನ್ನು ಹಿಡಿದು ಆಲಾಪಕ್ಕೆ ಇಳಿದಿರುವಾಗ ಮೊದಲ ಸಾಲಿನ ಪಕ್ಕದಿಂದ ಒಂದು ಶಟರ್ ‘ಟಕ್’ ಎಂದರೆ ರಸಿಕರ ಕತ್ತು ತಿರುಗುತ್ತದೆ, ವೇದಿಕೆಯ ಮೇಲಿನ ಹುಬ್ಬು ಗಂಟಿಕ್ಕುತ್ತದೆ, ಆಯೋಜಕರ ಪೈಕಿ ಯಾರೋ ಒಬ್ಬರು ಬಗ್ಗಿಕೊಂಡು ಬಂದು ‘ಸ್ವಲ್ಪ ಹಿಂದಕ್ಕೆ ಹೋಗ್ತೀರಾ’ ಎಂದು ಕಿವಿಯಲ್ಲಿ ಹೇಳುತ್ತಾರೆ. ಹಿಂದಕ್ಕೆ ಹೋದ ಮೇಲೆ ಸಿಗುವುದು ಮೈಕ್ ಸ್ಟ್ಯಾಂಡು ಮತ್ತು ಮುಂದೆ ಕೂತವರ ತಲೆಗಳು. ಆದ್ದರಿಂದ 2024ರ ಜೂನ್‌ನಲ್ಲಿ ನಿಕಾನ್ ಕಂಪನಿ ಬಿಡುಗಡೆ ಮಾಡಿದ ಝೆಡ್ 6 ತ್ರೀ ಕ್ಯಾಮೆರಾವನ್ನು ಇಲ್ಲಿ ಮದುವೆ, ಪಕ್ಷಿ, ಕ್ರೀಡೆಗಳ ಲೆಕ್ಕದಲ್ಲಿ ತೂಗದೆ ಕಛೇರಿಯ ಲೆಕ್ಕದಲ್ಲಿಯೇ ತೂಗಿದ್ದೇನೆ.

ಸದ್ದಿಲ್ಲದ ಶಟರ್ ಹೊಸದೇನಲ್ಲ. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಲ್ಲಿ ಬಹುತೇಕ ಎಲ್ಲದರಲ್ಲಿಯೂ ಸೈಲೆಂಟ್ ಮೋಡ್ ಇದೆ. ಇದೇ ಸಾಲಿನ ಹಿಂದಿನ ಮಾದರಿಯಾದ ಝೆಡ್ 6 ಟೂನಲ್ಲಿಯೂ ಇತ್ತು. ಆದರೆ ಅದನ್ನು ವೇದಿಕೆಯ ಬೆಳಕಿನಲ್ಲಿ ನಂಬಿ ಬಳಸುವಂತಿರಲಿಲ್ಲ. ಕಾರಣ ಸರಳವಾಗಿದೆ. ಸೈಲೆಂಟ್ ಮೋಡ್ ಬಳಸುವ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಇಡೀ ಚಿತ್ರವನ್ನು ಒಮ್ಮೆಲೇ ಓದದೆ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದಿಕೊಂಡು ಬರುತ್ತದೆ, ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಆರಿ ಹೊತ್ತುತ್ತಿರುತ್ತವೆ. ದೀಪ ಆರಿದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪಾಗಿ, ಹೊತ್ತಿದ ಗಳಿಗೆಯ ಸಾಲುಗಳು ಬೆಳ್ಳಗಾಗಿ, ಗಾಯಕರ ಮುಖದ ಮೇಲೆ ಅಡ್ಡಪಟ್ಟೆಗಳು ಮೂಡುತ್ತವೆ. ಓದು ನಿಧಾನವಾದಷ್ಟೂ ಪಟ್ಟೆಗಳು ಹೆಚ್ಚು. ಝೆಡ್ 6 ತ್ರೀಯಲ್ಲಿ 24.5 ಮೆಗಾಪಿಕ್ಸೆಲ್‌ನ, ಭಾಗಶಃ ಪದರ ಜೋಡಣೆಯ, ಅಂದರೆ ಬೇಗ ಓದಲೆಂದು ಸರ್ಕ್ಯೂಟಿನ ಒಂದು ಭಾಗವನ್ನು ಪದರವಾಗಿ ಜೋಡಿಸಿದ ಸೆನ್ಸರ್ ಇದೆ. ಇದರ ಓದಿನ ವೇಗ ಹಿಂದಿನ ಮಾದರಿಗಿಂತ ಸುಮಾರು 3.5 ಪಟ್ಟು ಹೆಚ್ಚೆಂದು ಕಂಪನಿ ಹೇಳುತ್ತದೆ. ಇಡೀ ಚಿತ್ರವನ್ನು ಓದಿ ಮುಗಿಸಲು ಅದು ತೆಗೆದುಕೊಳ್ಳುವ ಸಮಯ ಸೆಕೆಂಡಿನ ಸರಿಸುಮಾರು ಎಪ್ಪತ್ತನೆಯ ಒಂದು ಭಾಗ. ಇದಕ್ಕಿಂತ ಮೇಲಿನ ದರ್ಜೆಯ ಝೆಡ್ 8 ಇದೇ ಕೆಲಸವನ್ನು ಸುಮಾರು ನಾಲ್ಕು ಪಟ್ಟು ಬೇಗ ಮುಗಿಸುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಈ ಅಂಕಿಗಳು ವೇದಿಕೆಯ ಮುಂದೆ ಹೇಗೆ ಕಾಣುತ್ತವೆ? ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ರಾಮನವಮಿ ಸಂಗೀತೋತ್ಸವದಂತಹ ಚಪ್ಪರದ ಕಛೇರಿಗಳಲ್ಲಿ ಬೆಳಕು ಸಾಮಾನ್ಯವಾಗಿ ಬಿಳಿಯಾಗಿ, ಸಮನಾಗಿ, ಮುಂದಿನಿಂದ ಬೀಳುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ದೀಪಗಳ ಮಿನುಗು ಸೆಕೆಂಡಿಗೆ ನೂರು ಬಾರಿ. ಶಟರ್ ವೇಗವನ್ನು 1/100ಕ್ಕೆ ಇಟ್ಟರೆ ಪಟ್ಟೆ ಬಹುತೇಕ ಮಾಯವಾಗುತ್ತದೆ. ಕಣ್ಣು ಮುಚ್ಚಿ ರಾಗವನ್ನು ಹರಡುತ್ತಿರುವ ಗಾಯಕರಿಗೆ ಆ ವೇಗ ಸಾಕು. ಕಷ್ಟ ಶುರುವಾಗುವುದು ಹೊಸ ಸಭಾಂಗಣಗಳ ಬಣ್ಣದ ಎಲ್‌ಇಡಿಗಳ ಕೆಳಗೆ, ಯಾಕೆಂದರೆ ಅವುಗಳ ಮಿನುಗು ಸೆಕೆಂಡಿಗೆ ನೂರಾರರಿಂದ ಸಾವಿರಾರು ಬಾರಿಯವರೆಗೆ ಇರುತ್ತದೆ ಮತ್ತು ಒಂದು ದೀಪದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಅಲ್ಲಿ ಈ ಕ್ಯಾಮೆರಾದ ಒಂದು ಸೌಲಭ್ಯ ನಿಜಕ್ಕೂ ಕೈ ಹಿಡಿಯುತ್ತದೆ. ಮೆನುವಿನಲ್ಲಿ ಹೆಚ್ಚು ಆವರ್ತನದ ಮಿನುಗು ತಗ್ಗಿಸುವ ಆಯ್ಕೆಯನ್ನು ಚಾಲೂ ಮಾಡಿ, ಮ್ಯಾನುಯಲ್ ಇಲ್ಲವೇ ಶಟರ್ ಪ್ರಯಾರಿಟಿ ಮೋಡ್‌ನಲ್ಲಿ ಡಯಲ್ ತಿರುಗಿಸಿದರೆ ಶಟರ್ ವೇಗವು ಎಂದಿನಂತೆ ದೊಡ್ಡ ಮೆಟ್ಟಿಲುಗಳಲ್ಲಿ ಹಾರದೆ ಬಹಳ ಸಣ್ಣ ಹೆಜ್ಜೆಗಳಲ್ಲಿ ಸರಿಯುತ್ತದೆ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ತಿರುಗಿಸುತ್ತಾ ಹೋದಂತೆ ಹಿನ್ನೆಲೆಯ ಪರದೆಯ ಮೇಲಿನ ಪಟ್ಟೆಗಳು ಮೊದಲು ಅಗಲವಾಗಿ, ಆಮೇಲೆ ಮಸುಕಾಗಿ, ಒಂದು ಹಂತದಲ್ಲಿ ಕರಗಿಹೋಗುತ್ತವೆ. ಅಲ್ಲಿಗೆ ಕೈ ನಿಲ್ಲಿಸಬೇಕು. ತಂಬೂರಿ ಶ್ರುತಿ ಮಾಡುವವರ ಬೆರಳು ಬಿರಡೆಯ ಮೇಲೆ ಮಾಡುವ ಕೆಲಸವೂ ಇಷ್ಟೇ ನಯವಾದದ್ದು. ಕಲಾವಿದರು ಶ್ರುತಿ ಕೂಡಿಸುವ ಹೊತ್ತಿನಲ್ಲಿಯೇ ಇದನ್ನು ಮುಗಿಸಿಕೊಂಡರೆ ಕಛೇರಿಯುದ್ದಕ್ಕೂ ಆ ವೇಗವನ್ನು ಬದಲಿಸುವ ಅಗತ್ಯ ಬೀಳುವುದಿಲ್ಲ, ದೀಪ ನಿರ್ವಾಹಕರು ನಡುವೆ ಉತ್ಸಾಹಗೊಳ್ಳದಿದ್ದರೆ.

ಕಲಾವಿದರ ಬೆನ್ನಿಗೆ ದೊಡ್ಡ ಎಲ್‌ಇಡಿ ಗೋಡೆಯನ್ನು ನಿಲ್ಲಿಸುವ ಚಾಳಿ ಮಾತ್ರ ಈ ಕ್ಯಾಮೆರಾಕ್ಕೂ ಪೂರ್ತಿ ಬಗ್ಗುವುದಿಲ್ಲ. ಪ್ರಾಯೋಜಕರ ಹೆಸರು, ಅಲೆಯಾಡುವ ಹೂವು, ಉದಯಿಸುವ ಸೂರ್ಯ ಇವೆಲ್ಲ ಗಾಯಕರ ತಲೆಯ ಹಿಂದೆ ಓಡುತ್ತಿರುತ್ತವೆ. ಮುಖಕ್ಕೆ ಹೊಂದಿಸಿದ ವೇಗ ಗೋಡೆಗೆ ಹೊಂದುವುದಿಲ್ಲ, ಗೋಡೆಗೆ ಹೊಂದಿಸಿದ್ದು ಮುಖಕ್ಕೆ ಹೊಂದುವುದಿಲ್ಲ. ಅಂತಹ ಕಡೆ ಚಪ್ಪಾಳೆಗೆ ಕಾಯ್ದು, ಸದ್ದು ಮಾಡುವ ಮೆಕ್ಯಾನಿಕಲ್ ಶಟರ್ ಬಳಸುವುದೇ ಉಪಾಯ. ಝೆಡ್ 8ರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲವೇ ಇಲ್ಲ. ಇಲ್ಲಿ ಅದನ್ನು ಉಳಿಸಿಕೊಂಡಿರುವುದು ಕಛೇರಿಯ ಮಟ್ಟಿಗೆ ಲಾಭವೇ.

ಸೈಲೆಂಟ್ ಮೋಡ್‌ನ ಇನ್ನೊಂದು ಮಿತಿ ವೇಗದ ಚಲನೆಯದು. ಸಾಲುಸಾಲಾಗಿ ಓದುವಾಗ ವಸ್ತು ಸರಿದುಬಿಟ್ಟರೆ ಆಕಾರ ಓರೆಯಾಗುತ್ತದೆ. ಹಾಡುವವರ ಕೈ, ಪಿಟೀಲಿನ ಕಮಾನು, ಹಾರ್ಮೋನಿಯಂ ಮೇಲಿನ ಬೆರಳುಗಳು ಇವುಗಳಲ್ಲಿ ದೋಷ ಕಾಣುವುದು ಅಪರೂಪ. ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮೃದಂಗದವರ ಬಲಗೈ ಬೆರಳುಗಳನ್ನು ದೊಡ್ಡದು ಮಾಡಿ ನೋಡಿದರೆ ಮಾತ್ರ ಒಮ್ಮೊಮ್ಮೆ ರಬ್ಬರಿನಂತೆ ಬಾಗಿರುವುದು ಗೊತ್ತಾಗುತ್ತದೆ. ಮೀಟಿದ ತಂತಿ ಚಿತ್ರದಲ್ಲಿ ಹಾವಿನಂತೆ ಸುರುಳಿಸುತ್ತಿ ಕಾಣುವುದೂ ಇದೇ ಕಾರಣದಿಂದ. ಇದನ್ನು ಸೊಗಸೆಂದು ಮೆಚ್ಚಿದ ಸಿತಾರ್ ವಾದಕರಿದ್ದಾರೆ, ನನಗೆ ಹಿಡಿಸುವುದಿಲ್ಲ. ತನಿಯ ಹೊತ್ತಿಗೆ ವೇದಿಕೆಯ ಧ್ವನಿಯೇ ಜೋರಾಗಿರುವುದರಿಂದ ಆಗ ಮೆಕ್ಯಾನಿಕಲ್ ಶಟರ್‌ಗೆ ಮರಳಿದರೆ ಯಾರಿಗೂ ಅಡ್ಡಿಯಾಗದು. ಸೈಲೆಂಟ್ ಮೋಡ್ ಆನ್-ಆಫ್ ಮಾಡುವುದನ್ನು ಲೆನ್ಸ್ ಪಕ್ಕದ ಫಂಕ್ಷನ್ ಗುಂಡಿಯೊಂದಕ್ಕೆ ವಹಿಸಿಕೊಂಡರೆ ಕಣ್ಣು ತೆಗೆಯದೆ ಬದಲಾಯಿಸಬಹುದು. ಮೆಕ್ಯಾನಿಕಲ್‌ಗೆ ಬಂದಾಗ ಫೋಕಸ್‌ಗೆ ನೆರವಾಗುವ ದೀಪ ತಾನಾಗಿ ಹೊತ್ತಿಕೊಳ್ಳದಂತೆ ಅದನ್ನು ಮೆನುವಿನಲ್ಲಿ ಮೊದಲೇ ಆರಿಸಿಡಬೇಕು. ತಾರಸ್ಥಾಯಿಯಲ್ಲಿ ನಿಂತ ಗಾಯಕರ ಮುಖಕ್ಕೆ ಬೆಳಕು ಹೊಡೆಯುವುದು ಶಟರ್ ಸದ್ದಿಗಿಂತ ದೊಡ್ಡ ಅಪರಾಧ.

ಫೋಕಸ್ ವಿಷಯದಲ್ಲಿ ಹೆಚ್ಚು ಬರೆಯುವ ಅಗತ್ಯವಿಲ್ಲ, ಏಕೆಂದರೆ ದೂರುಗಳು ಕಡಿಮೆ. ಎಫ್ 1.2 ಲೆನ್ಸ್‌ನೊಂದಿಗೆ ಮೈನಸ್ 10 ಇವಿಯಷ್ಟು (ಇದು ಬೆಳಕಿನ ಅಳತೆ) ಕಡಿಮೆ ಬೆಳಕಿನವರೆಗೂ ಫೋಕಸ್ ಹಿಡಿಯುತ್ತದೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅಷ್ಟು ಕತ್ತಲೆಯಲ್ಲಿ ಯಾರೂ ಹಾಡುವುದಿಲ್ಲ. ಕನ್ನಡಕ ಹಾಕಿದ ಕಣ್ಣು, ವಿಭೂತಿ ಹಚ್ಚಿದ ಹಣೆ, ಅರ್ಧ ತಿರುಗಿದ ಮುಖ ಇವೆಲ್ಲವನ್ನೂ ಅದು ಗುರುತಿಸುತ್ತದೆ. ತೊಡಕು ಬರುವುದು ಮೈಕ್‌ನಿಂದ. ಬಾಯಿಗೆ ಅಡ್ಡವಾಗಿ ಮೈಕ್ ನಿಂತಿದ್ದು, ಗಾಯಕರು ತಾನದ ಭರದಲ್ಲಿ ಕೈಯನ್ನು ಮುಖದ ಮುಂದೆ ತಂದಾಗ ಫೋಕಸ್ ಒಮ್ಮೊಮ್ಮೆ ಬೆರಳ ತುದಿಗೆ ಜಾರಿ ಮರಳಲು ಅರೆಕ್ಷಣ ತಡಮಾಡುತ್ತದೆ. ಮೈಕ್ ಬಾಗಿರುವ ದಿಕ್ಕಿಗೆ ಎದುರು ಪಕ್ಕದಲ್ಲಿ ಜಾಗ ಹಿಡಿಯುವುದು ಇದಕ್ಕೆ ಹಳೆಯ ಮದ್ದು, ಅದನ್ನು ಯಾವ ಕ್ಯಾಮೆರಾವೂ ನಮ್ಮ ಪರವಾಗಿ ಮಾಡಿಕೊಡಲಾರದು.

ಬೆಳಕು ಕಡಿಮೆಯಿದ್ದಾಗಿನ ಗುಣಮಟ್ಟದ ಬಗ್ಗೆ ಈ ಮಾದರಿಗೆ ಅಂಟಿರುವ ಅಪವಾದವೊಂದಿದೆ. ವೇಗದ ಸೆನ್ಸರ್‌ಗಾಗಿ ತೆತ್ತ ಬೆಲೆಯೆಂದರೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ರಂತಹ ಕೆಳಹಂತದಲ್ಲಿ ತೆಗೆದ ಚಿತ್ರದ ನೆರಳಿನ ಭಾಗವನ್ನು ಆಮೇಲೆ ಎತ್ತಿದರೆ ಝೆಡ್ 6 ಟೂಗಿಂತ ಹೆಚ್ಚು ಕಾಳುಕಾಳು ಕಾಣುತ್ತದೆ. ಇದು ನಿಜ. ಭೂದೃಶ್ಯ ತೆಗೆಯುವವರಿಗೆ ಇದು ಮುಖ್ಯವಾಗಬಹುದು. ಕಛೇರಿಯಲ್ಲಿ ನಾವು ಐಎಸ್‌ಒ 1600ರಿಂದ 6400ರ ನಡುವೆಯೇ ಬದುಕುವವರು, ಅಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗಿರುತ್ತದೆ. ನಮಗೆ ಹೆಚ್ಚು ಮುಖ್ಯವಾದದ್ದು ಬಿಳಿ ಜುಬ್ಬಾ ಮತ್ತು ಜರಿಯಂಚು ಸುಟ್ಟುಹೋಗದಂತೆ ಉಳಿಸಿಕೊಳ್ಳುವುದು. ಚಿತ್ರದ ಅತಿ ಬೆಳಕಿನ ಭಾಗವನ್ನು ನೋಡಿ ಬೆಳಕನ್ನು ಅಳೆಯುವ ಹೈಲೈಟ್ ಆಧಾರಿತ ಮೀಟರಿಂಗ್ ಆ ಕೆಲಸವನ್ನು ಜತನದಿಂದ ಮಾಡುತ್ತದೆ, ಮುಖ ತುಸು ಕಪ್ಪಾಗುವುದನ್ನು ಮನೆಗೆ ಬಂದು ಎತ್ತಿಕೊಳ್ಳಬಹುದು.

ಹಿಂಬದಿಯ ಪರದೆ ಪಕ್ಕಕ್ಕೆ ತೆರೆದುಕೊಂಡು ತಿರುಗುವ ಬಗೆಯದು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕ್ಯಾಮೆರಾವನ್ನು ವೇದಿಕೆಯ ಅಂಚಿಗಿಟ್ಟು ತೆಗೆಯುವವರಿಗೆ ಹಿಂದಿನ ಮಾದರಿಯ ಮೇಲಕ್ಕೆ ಬಾಗುವ ಪರದೆಯೇ ಹೆಚ್ಚು ಹಿತವೆನಿಸೀತು, ಯಾಕೆಂದರೆ ಇದು ಪಕ್ಕಕ್ಕೆ ಚಾಚಿ ನೆರೆಯವರ ಕಣ್ಣಿಗೆ ಬೆಳಕು ಚೆಲ್ಲುತ್ತದೆ. ಅದನ್ನು ಮಡಚಿ ಒಳಮುಖ ಮಾಡಿ, ವ್ಯೂಫೈಂಡರ್ ಮಾತ್ರ ಎಂಬ ಆಯ್ಕೆಯಲ್ಲಿಟ್ಟುಕೊಳ್ಳುವುದು ರಸಿಕರಿಗೆ ತೋರುವ ಕನಿಷ್ಠ ಮರ್ಯಾದೆ. ವ್ಯೂಫೈಂಡರ್ ಅಂತೂ ಅತ್ಯುತ್ತಮವಾಗಿದೆ: 57.6 ಲಕ್ಷ ಬಿಂದುಗಳದು, ಬೇಕೆಂದರೆ 4000 ನಿಟ್ಸ್ (ಪ್ರಖರತೆಯ ಅಳತೆ) ತನಕ ಬೆಳಗುತ್ತದೆ. ಒಳಾಂಗಣದಲ್ಲಿ ಅಷ್ಟು ಬೆಳಕು ಬೇಡವೇ ಬೇಡ, ಪ್ರಖರತೆಯನ್ನು ಆಟೋದಲ್ಲಿ ಬಿಟ್ಟರೆ ಸಾಕು.

ಇಂಗ್ಲಿಷ್ ಬ್ಯಾಂಡುಗಳ, ಸಿನಿಮಾ ಹಿನ್ನೆಲೆ ಗಾಯಕರ ಮೈದಾನ ಕಾರ್ಯಕ್ರಮಗಳ ನಿಯಮ ಬೇರೆ. ಅಲ್ಲಿ ಮೊದಲ ಮೂರು ಹಾಡಿನವರೆಗೆ ಮಾತ್ರ ವೇದಿಕೆಯ ಮುಂದಿನ ಕಟಕಟೆಯಲ್ಲಿ ನಿಲ್ಲಲು ಬಿಡುತ್ತಾರೆ, ಫ್ಲ್ಯಾಶ್ ಕೂಡದು, ನಾಲ್ಕನೆಯ ಹಾಡಿಗೆ ಭದ್ರತೆಯವರು ಹೊರಗಟ್ಟುತ್ತಾರೆ. ಸದ್ದಿನ ಚಿಂತೆ ಅಲ್ಲಿಲ್ಲ. ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 14 ಚಿತ್ರಗಳು ಧಾರಾಳವಾದವು. ಗುಂಡಿ ಒತ್ತುವ ಮುನ್ನಿನ ಕ್ಷಣಗಳನ್ನೂ ಹಿಡಿದಿಡುವ ಸೌಲಭ್ಯ, ಆಮೇಲೆ ಹೆಚ್ಚು ತಿದ್ದಲು ಬಗ್ಗದ ಜೆಪೆಗ್ ಫೈಲುಗಳಿಗೆ ಮಾತ್ರ ಸೀಮಿತವಾಗಿರುವುದರಿಂದ, ಕಡುನೀಲಿ-ನೇರಳೆ ದೀಪಗಳ ಕೆಳಗೆ ಬಣ್ಣ ತಿದ್ದಲೇಬೇಕಾದ ನಮಗೆ ಅದರಿಂದ ಪ್ರಯೋಜನ ಕಡಿಮೆ.

ತಿರುಗಾಟದ ದೃಷ್ಟಿಯಿಂದ ನೋಡಿದರೆ ಬ್ಯಾಟರಿ ಮತ್ತು ಕಾರ್ಡು ಹೊತ್ತ ಕ್ಯಾಮೆರಾ 760 ಗ್ರಾಂ ತೂಗುತ್ತದೆ. ಕಛೇರಿಗೆ ಅನಿವಾರ್ಯವಾದ 70-200 ಎಫ್ 2.8 ಲೆನ್ಸ್ ಹಾಕಿದರೆ ಒಟ್ಟು ಎರಡು ಕಿಲೋ ದಾಟುತ್ತದೆ. ಮೂರು ತಾಸಿನ ಕಛೇರಿಗೆ ಮೊಣಕೈ ಊರಲು ಜಾಗವೋ ಮಾನೋಪಾಡೋ ಬೇಕು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ಕುಂದಗೋಳದ ನಾಡಗೇರ ವಾಡೆಯಲ್ಲಿ ನಡೆಯುವಂತಹ ಅಹೋರಾತ್ರಿ ಸಂಗೀತಕ್ಕೆ ಹೋಗುವವರು, ಕೇಳುಗರು ಕಾಲಿಗೆ ಕಾಲು ತಾಗುವಂತೆ ಕೂತಿರುವ ಅಂಗಳದಲ್ಲಿ ಆ ಲೆನ್ಸ್ ಎತ್ತುವ ಬದಲು 470 ಗ್ರಾಂನ 85 ಎಂಎಂ ಎಫ್ 1.8 ಒಯ್ಯುವುದು ವಿವೇಕ. ಒಂದು ಬ್ಯಾಟರಿ ದೊಡ್ಡ ಕಛೇರಿಯನ್ನು ಮುಗಿಸುತ್ತದೆ ಎಂಬ ಭರವಸೆಯಿಲ್ಲ, ಎರಡನೆಯದು ಜೇಬಿನಲ್ಲಿರಲಿ. ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕ್‌ನಿಂದ ಚಾರ್ಜ್ ಆಗುವುದು ರಾತ್ರಿ ಬಸ್ಸಿನವರಿಗೆ ದೊಡ್ಡ ಅನುಕೂಲ.

ಕಾರ್ಡುಗಳ ವ್ಯವಸ್ಥೆ ಮಾತ್ರ ಅಷ್ಟು ಹಿತವಾಗಿಲ್ಲ. ಒಂದು ಕಿಂಡಿ ಹೆಚ್ಚು ವೇಗದ ಸಿಎಫ್ ಎಕ್ಸ್‌ಪ್ರೆಸ್ ಬಿ ಮಾದರಿಯ ಕಾರ್ಡಿಗೆ, ಇನ್ನೊಂದು ಎಸ್‌ಡಿ ಕಾರ್ಡಿಗೆ. ಎರಡಕ್ಕೂ ಒಂದೇ ಚಿತ್ರವನ್ನು ಬರೆಸುವುದು ಕಾರ್ಯಕ್ರಮದ ಛಾಯಾಗ್ರಾಹಕರ ಕನಿಷ್ಠ ಎಚ್ಚರಿಕೆ. ಹಾಗೆ ಮಾಡಿದಾಗ ನಿಧಾನಿಯಾದ ಎಸ್‌ಡಿಯ ವೇಗಕ್ಕೇ ಕ್ಯಾಮೆರಾ ಹೊಂದಿಕೊಳ್ಳಬೇಕಾಗುತ್ತದೆ. ಜೊತೆಗೆ ಸಣ್ಣ ಊರಿನ ಸ್ಟುಡಿಯೋ ಅಂಗಡಿಯಲ್ಲಿ ಎಸ್‌ಡಿ ಕಾರ್ಡು ಎಷ್ಟು ಹೊತ್ತಿಗೆ ಕೇಳಿದರೂ ಸಿಗುತ್ತದೆ, ಸಿಎಫ್ ಎಕ್ಸ್‌ಪ್ರೆಸ್ ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. ಎರಡೂ ಎಸ್‌ಡಿ ಕಿಂಡಿಗಳೇ ಇದ್ದಿದ್ದರೆ ಚೆನ್ನಾಗಿತ್ತು.

ಕಛೇರಿ ಮುಗಿದ ರಾತ್ರಿಯೇ ನಾಲ್ಕಾರು ಚಿತ್ರಗಳು ಪತ್ರಿಕೆಗೆ, ಆಯೋಜಕರಿಗೆ, ಕಲಾವಿದರ ಮೊಬೈಲಿಗೆ ತಲುಪಬೇಕೆಂಬ ಒತ್ತಡ ಈಗ ಎಲ್ಲರಿಗೂ ಇದೆ. ಕಂಪನಿಯ ಸ್ನ್ಯಾಪ್‌ಬ್ರಿಜ್ ಆ್ಯಪ್ ಅದಕ್ಕೆ ಸಾಕಾಗುತ್ತದೆ. ಕ್ಯಾಮೆರಾದೊಳಗೇ ಕಚ್ಚಾ ಫೈಲನ್ನು ಸಂಸ್ಕರಿಸಿ, ಚಿಕ್ಕ ಜೆಪೆಗ್ ಮಾಡಿ, ಫೋನಿಗೆ ಕಳಿಸುವುದನ್ನು ಅಭ್ಯಾಸ ಮಾಡಿಕೊಂಡರೆ ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆಯೇ ಕೆಲಸ ಮುಗಿಯುತ್ತದೆ, ಲ್ಯಾಪ್‌ಟಾಪ್ ಬಿಚ್ಚಬೇಕಿಲ್ಲ.

ಬಿಡುಗಡೆಯ ಹೊತ್ತಿಗೆ ಲೆನ್ಸ್ ಇಲ್ಲದ ಕ್ಯಾಮೆರಾದ ಬೆಲೆ ನಮ್ಮಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿತ್ತು. ಶಾಸ್ತ್ರೀಯ ಕಛೇರಿಯೊಂದಕ್ಕೆ ಛಾಯಾಗ್ರಾಹಕರಿಗೆ ಸಿಗುವ ಸಂಭಾವನೆಯನ್ನು ಬಲ್ಲವರಿಗೆ ಈ ಮೊತ್ತ ಎಷ್ಟು ಭಾರವೆಂದು ವಿವರಿಸಬೇಕಿಲ್ಲ; ಎಷ್ಟೋ ಕಡೆ ಒಂದು ಶಾಲು, ಒಂದು ಊಟ, ‘ನಿಮ್ಮ ಹೆಸರು ಹಾಕ್ತೀವಿ’ ಎಂಬ ಮಾತು ಇಷ್ಟೇ ಸಂಭಾವನೆ. ಮೈದಾನದ ಕಾರ್ಯಕ್ರಮಗಳನ್ನೇ ಹೆಚ್ಚು ಮಾಡುವವರು ಇದಕ್ಕೆ ಹಣ ಹಾಕುವ ಬದಲು ಬಳಸಿದ ಝೆಡ್ 6 ಟೂ ಕೊಂಡು, ಉಳಿದದ್ದನ್ನು ಒಳ್ಳೆಯ ಲೆನ್ಸಿಗೆ ವ್ಯಯಿಸಬಹುದು. ಎಲ್‌ಇಡಿ ಗೋಡೆಗಳ ಮುಂದೆಯೇ ದಿನ ಕಳೆಯುವ ಕಾರ್ಪೊರೇಟ್ ಕಾರ್ಯಕ್ರಮದವರು ಕೈಯಲ್ಲಾದರೆ ಝೆಡ್ 8ರ ಕಡೆ ನೋಡುವುದು ಒಳ್ಳೆಯದು. ಚಪ್ಪರ, ದೇವಸ್ಥಾನದ ಪ್ರಾಂಗಣ, ಸಣ್ಣ ಸಭಾಂಗಣಗಳಲ್ಲಿ ಹಾಡುಗಾರರ ಹತ್ತಿರ ಕೂತು ಕೆಲಸ ಮಾಡುವವರು ಮಾತ್ರ, ಕೊಳ್ಳುವ ಮುನ್ನ ಒಂದು ಕಛೇರಿಯ ಮಟ್ಟಿಗೆ ಇದನ್ನು ಬಾಡಿಗೆಗೆ ತಂದು, ತಾವು ಪದೇ ಪದೇ ಹೋಗುವ ಸಭಾಂಗಣದ ದೀಪಗಳ ಕೆಳಗೆ ಸೈಲೆಂಟ್ ಮೋಡ್‌ನಲ್ಲಿ ಪರೀಕ್ಷಿಸಿ ನೋಡಲಿ; ಅಲ್ಲಿ ಪಟ್ಟೆ ಬೀಳದಿದ್ದರೆ ಕೊಳ್ಳಲು ಹಿಂಜರಿಯಬೇಕಿಲ್ಲ.