ಜಿನ್, ಸ್ಟ್ರಾಬೆರಿ, ಬೇಸಿಲ್: ಮೂರು ಶೇಕರ್, ಒಂದು ಹಠಮಾರಿ ಮುಚ್ಚಳ

ಹಣ್ಣು, ಸೊಪ್ಪು ಜಜ್ಜಿ ಹಾಕುವ ಕಾಕ್‌ಟೇಲ್ ನಿಮಗೆ ಇಷ್ಟವಾದರೆ, ಅದನ್ನು ಐಸ್ ಜೊತೆ ಅಲ್ಲಾಡಿಸಲು ತೂತಿನ ತಲೆಯ ಕಾಬ್ಲರ್ ಶೇಕರ್ ಕೊಳ್ಳಬೇಡಿ. ನಾನು ಕೊಂಡೆ, ಅದೂ ಹನ್ನೊಂದು ಸಾಮಾನಿನ ದೊಡ್ಡ ಸೆಟ್. ಅದರಲ್ಲಿ ಈಗಲೂ ಕೈಗೆ ಬರುವುದು ಎರಡೇ. ಒಂದು ಜಜ್ಜುವ ಮರದ ಕೋಲು, ಇನ್ನೊಂದು ಶೇಕರ್‌ನ ತಲೆಯ ಮೇಲಿನ ಪುಟ್ಟ ಮುಚ್ಚಳ. ಅದರ ಕಥೆ ಆಮೇಲೆ.

ಕಾಬ್ಲರ್, ತಿರುಪಿನ ಮುಚ್ಚಳದ ಗಾಜಿನ ಜಾರ್, ಎರಡು ಸ್ಟೀಲ್ ಲೋಟದ ಬಾಸ್ಟನ್ ಶೇಕರ್. ಈ ಮೂರರಲ್ಲೂ ನಾನು ಮಾಡಿದ್ದು ಒಂದೇ ಡ್ರಿಂಕ್. ಒಬ್ಬರಿಗೆ 60 ಮಿಲಿ ಜಿನ್, 25 ಮಿಲಿ ನಿಂಬೆರಸ, ಸಕ್ಕರೆಯನ್ನೂ ನೀರನ್ನೂ ಸಮಸಮ ಬೆರೆಸಿದ ಪಾಕ 20 ಮಿಲಿ, ನಾಲ್ಕು ಸ್ಟ್ರಾಬೆರಿ, ಹತ್ತು ಬೇಸಿಲ್ ಎಲೆ. ಇದರ ಮೂಲ ಜಿನ್ ಬೇಸಿಲ್ ಸ್ಮ್ಯಾಶ್. 2008ರಲ್ಲಿ ಹ್ಯಾಂಬರ್ಗ್‌ನ ಲೆ ಲಿಯೋ ಬಾರ್‌ನಲ್ಲಿ ಯೋರ್ಗ್ ಮೇಯರ್ ಮಾಡಿದ ಡ್ರಿಂಕ್ ಅದು. ಅದರಲ್ಲಿ ಹಣ್ಣಿಲ್ಲ. ಬೇಸಿಲ್ ಮಾತ್ರ ಹಿಡಿಗಟ್ಟಲೆ, ಅದನ್ನೂ ಕರುಣೆಯಿಲ್ಲದೆ ಜಜ್ಜಬೇಕು. ಸ್ಟ್ರಾಬೆರಿ ನನ್ನ ಚಪಲ. ಆ ಚಪಲವೇ ಕಾಬ್ಲರ್‌ಗೆ ಮುಳುವಾಯಿತು.

ಕಾಬ್ಲರ್‌ನಲ್ಲಿ ಮೂರು ಭಾಗ ಇರುತ್ತದೆ. ಕೆಳಗೆ ಲೋಟ, ಮೇಲೆ ತೂತುಗಳಿರುವ ತಲೆ, ಅದರ ಮೇಲೆ ಪುಟ್ಟ ಮುಚ್ಚಳ. ನೋಡಲು ಬಹಳ ಚೆಂದ. ಮೊದಲ ಸಲ ನಾಲ್ಕು ಜನ ಸ್ನೇಹಿತರು ಬಂದಿದ್ದರು. ಐಸ್ ತುಂಬಿದೆ, ಹದಿನೈದು ಸೆಕೆಂಡ್ ಜೋರಾಗಿ ಅಲ್ಲಾಡಿಸಿದೆ, ಹೊರಗೆಲ್ಲ ಮಂಜು ಕಟ್ಟಿತು. ಮುಚ್ಚಳ ತೆಗೆಯಲು ಹೋದರೆ ಬರಲಿಲ್ಲ. ತಿರುಚಿದೆ, ಎಳೆದೆ, ಬಟ್ಟೆ ಸುತ್ತಿ ಹಿಡಿದೆ, ಮೇಜಿನ ಅಂಚಿಗೆ ಬಡಿದೆ. ಒಬ್ಬೊಬ್ಬರಾಗಿ ಎಲ್ಲರೂ ಶಕ್ತಿಪರೀಕ್ಷೆ ಮಾಡಿದರು. ಕೊನೆಗೆ ನಲ್ಲಿಯ ಬಿಸಿನೀರಿಗೆ ಹಿಡಿದಾಗ ಪಟ್ ಅಂತ ಬಿಟ್ಟುಕೊಂಡಿತು. ಅಷ್ಟರಲ್ಲಿ ಒಳಗಿನ ಐಸ್ ಅರ್ಧ ಕರಗಿತ್ತು. ನಾವು ಕುಡಿದದ್ದು ಸ್ಟ್ರಾಬೆರಿ ವಾಸನೆಯ ನೀರು.

ತಪ್ಪು ನನ್ನ ಕೈಯದಲ್ಲ. ಅಲ್ಲಾಡಿಸುವಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ತಣ್ಣಗಾದ ಸ್ಟೀಲ್ ಕೂಡ ಚೂರು ಕುಗ್ಗಿ ಬಿಗಿಯಾಗುತ್ತದೆ. ಸಾಲದ್ದಕ್ಕೆ ಸಂದಿಗೆ ಇಳಿದ ಸಕ್ಕರೆ ಪಾಕ ಅಂಟಿನ ಕೆಲಸ ಮಾಡುತ್ತದೆ. ಇದಕ್ಕೊಂದು ಉಪಾಯ ಇದೆ. ಪುಟ್ಟ ಮುಚ್ಚಳ ಹಾಕದೆ ಮೊದಲು ತಲೆಯನ್ನು ಒತ್ತಿ ಕೂರಿಸಬೇಕು, ಒಳಗಿನ ಗಾಳಿ ತೂತುಗಳಿಂದ ಹೊರಗೆ ಹೋಗುತ್ತದೆ. ಆಮೇಲೆ ಮುಚ್ಚಳ. ಹೀಗೆ ಮಾಡಿದ ಮೇಲೆ ಹತ್ತರಲ್ಲಿ ಏಳು ಸಲ ಸಲೀಸಾಗಿ ಬಂತು. ಉಳಿದ ಮೂರು ಸಲ ಮತ್ತೆ ಬಿಸಿನೀರು.

ಸರಿ, ಮುಚ್ಚಳ ಬಂತು ಅಂತಲೇ ಇಟ್ಟುಕೊಳ್ಳಿ. ಈಗ ಬಗ್ಗಿಸಬೇಕು, ಅಲ್ವಾ? ನಾಲ್ಕು ಹನಿ ಬೀಳುತ್ತದೆ, ನಿಂತುಹೋಗುತ್ತದೆ. ಬೇಸಿಲ್ ಚೂರು ತೂತುಗಳಿಗೆ ತೇಪೆ ಹಾಕಿದಂತೆ ಅಂಟಿಕೊಂಡಿರುತ್ತದೆ, ಅದರ ಮೇಲೆ ಸ್ಟ್ರಾಬೆರಿ ತಿರುಳು ಕೂತಿರುತ್ತದೆ. ಕುಲುಕಿದರೆ ಇನ್ನೂ ನಾಲ್ಕು ಹನಿ. ತಲೆಯನ್ನೇ ಕಿತ್ತು ಬೇರೆ ಜರಡಿಯಲ್ಲಿ ಸೋಸಿದರೆ ಕೆಲಸವೇನೋ ಆಗುತ್ತದೆ. ಆದರೆ ಬೇರೆ ಜರಡಿ ಹಿಡಿಯುವುದಾದರೆ ಈ ತೂತಿನ ತಲೆಗೆ ನಾನು ಕಾಸು ಕೊಟ್ಟಿದ್ದು ಯಾಕೆ? ತೊಳೆಯುವ ಕಷ್ಟ ಬೇರೆ. ತೂತಿನಲ್ಲಿ ಸಿಕ್ಕ ಸ್ಟ್ರಾಬೆರಿ ಬೀಜಗಳನ್ನು ಹಲ್ಲುಕಡ್ಡಿಯಿಂದ ಒಂದೊಂದಾಗಿ ಚುಚ್ಚಿ ತೆಗೆದಿದ್ದೇನೆ. ರಾತ್ರಿ ಹನ್ನೆರಡಕ್ಕೆ, ಎರಡು ಪೆಗ್ ಒಳಗೆ ಹೋದ ಮೇಲೆ.

ನ್ಯಾಯವಾಗಿ ಹೇಳಬೇಕೆಂದರೆ, ಬರೀ ಜಿನ್, ನಿಂಬೆರಸ, ಪಾಕ ಹಾಕಿದ ದಿನ ಕಾಬ್ಲರ್ ಒಂದು ದೂರಿಲ್ಲದೆ ಬಗ್ಗಿಸಿತು. ರೋಸ್‌ಮೆರಿ ಕಡ್ಡಿ ಹಾಕಿದಾಗಲೂ ಅಷ್ಟೆ. ಅದು ಪುಡಿಯಾಗುವುದಿಲ್ಲ ನೋಡಿ.

ಸೆಟ್ ಮೇಲೆ ಸಿಟ್ಟು ಬಂದು ಆಮೇಲೆ ಕೆಲವು ತಿಂಗಳು ಖಾಲಿಯಾದ ಜಾಮ್ ಜಾರಿನಲ್ಲೇ ಮಾಡಿದೆ. ಖರ್ಚು ಸೊನ್ನೆ. ತಿರುಪಿನ ಮುಚ್ಚಳವಾದ್ದರಿಂದ ಸಿಕ್ಕಿಕೊಂಡರೂ ತಿರುಗಿಸಿದರೆ ಬರುತ್ತದೆ. ಟೀ ಜರಡಿಯಲ್ಲಿ ಸೋಸಿದರೆ ಮುಗಿಯಿತು. ಹಣ್ಣಿನ ಬಣ್ಣ ಬಿಡುವುದು ಕಾಣುತ್ತದೆ, ಅದೊಂದು ಖುಷಿ. ಆದರೆ ಗಾಜು ದಪ್ಪ, ಅದನ್ನು ತಣ್ಣಗೆ ಮಾಡುವುದಕ್ಕೇ ಒಂದಿಷ್ಟು ಐಸ್ ಕರಗಿಹೋಗುತ್ತದೆ. ಡ್ರಿಂಕ್ ಸ್ವಲ್ಪ ತೆಳ್ಳಗೆ ಬರುತ್ತದೆ. ಜಾರನ್ನು ಮೊದಲೇ ಫ್ರಿಜ್‌ನಲ್ಲಿಟ್ಟರೆ ಪರವಾಗಿಲ್ಲ. ಇನ್ನೊಂದು, ಗಾಜಿನಲ್ಲಿ ಕೋಲಿನಿಂದ ಜಜ್ಜಲು ನನಗೆ ಧೈರ್ಯವಿಲ್ಲ. ಹಣ್ಣನ್ನು ಬೇರೆ ಬಟ್ಟಲಲ್ಲಿ ಜಜ್ಜಿ ಸುರಿಯುತ್ತಿದ್ದೆ, ಅಂದರೆ ತೊಳೆಯಲು ಇನ್ನೊಂದು ಪಾತ್ರೆ. ಮುಚ್ಚಳದ ಒಳಗಿನ ಪದರ ವಾಸನೆ ಹಿಡಿದುಕೊಳ್ಳುತ್ತದೆ ಅನ್ನುವುದನ್ನೂ ಮರೆಯಬೇಡಿ. ಒಂದು ಸಲ ಬೆಳ್ಳುಳ್ಳಿ ಇಟ್ಟಿದ್ದ ಜಾರಿನ ಮುಚ್ಚಳ ಹಾಕಿದೆ. ಆ ಡ್ರಿಂಕ್ ಬಗ್ಗೆ ಮಾತು ಬೇಡ.

ಈಗ ನನ್ನ ಕೈಯಲ್ಲಿರುವುದು ಬಾಸ್ಟನ್. ಒಂದು ದೊಡ್ಡ ಲೋಟ, ಒಂದು ಚಿಕ್ಕದು, ಎರಡೂ ಸ್ಟೀಲ್. ಒಂದು ಗಾಜು, ಒಂದು ಸ್ಟೀಲ್ ಇರುವುದೂ ಸಿಗುತ್ತದೆ, ಅದರ ಸಹವಾಸ ನನಗೆ ಬೇಡ. ಚಿಕ್ಕ ಲೋಟದಲ್ಲೇ ಹಣ್ಣು, ಎಲೆ ಹಾಕಿ ಭಯವಿಲ್ಲದೆ ಜಜ್ಜಿ, ಜಿನ್, ರಸ, ಪಾಕ ಸುರಿದು, ಐಸ್ ತುಂಬಿ, ದೊಡ್ಡದನ್ನು ಚೂರು ಓರೆಯಾಗಿ ಕವುಚಿ ಮೇಲಿಂದ ಒಂದು ಗುದ್ದು. ಕಾಬ್ಲರ್‌ನಲ್ಲಿ ಶತ್ರುವಾಗಿದ್ದ ಅದೇ ಗಾಳಿಯ ಒತ್ತಡ ಇಲ್ಲಿ ಎರಡನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಿಡಿಸುವುದು ಮಾತ್ರ ಕಲಿಯಬೇಕು. ಓರೆಯಾಗಿ ಕೂತಾಗ ಲೋಟಗಳು ಒಂದು ಬದಿ ಅಂಟಿಕೊಂಡಿರುತ್ತವೆ, ಎದುರು ಬದಿ ಸಂದು ಇರುತ್ತದೆ. ಇವೆರಡರ ನಡುವಿನ ಜಾಗಕ್ಕೆ ಅಂಗೈ ಬುಡದಿಂದ ಹೊಡೆದರೆ ಬಿಟ್ಟುಕೊಳ್ಳುತ್ತದೆ. ಮೊದಲ ಎರಡು ಸಲ ನನ್ನ ಅಂಗಿಯೂ ಸ್ಟ್ರಾಬೆರಿ ಕುಡಿಯಿತು. ಬರೀ ನೀರು, ಐಸ್ ಹಾಕಿ ಸಿಂಕ್ ಹತ್ತಿರ ನಿಂತು ಅಭ್ಯಾಸ ಮಾಡಿ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಒಂದು ಬಿಳಿ ಅಂಗಿ ಉಳಿಯುತ್ತಿತ್ತು.

ಸೋಸಲು ಸ್ಪ್ರಿಂಗ್ ಸುತ್ತಿದ ಹಾಥಾರ್ನ್ ಜರಡಿ ಬೇಕು ಅನ್ನುತ್ತಾರೆ. ನಾನು ಕೊಂಡಿಲ್ಲ. ಲೋಟಗಳನ್ನು ಬೇರೆ ಮಾಡಿ, ಚಿಕ್ಕದರ ಬುಡದಿಂದ ಐಸ್ ತಡೆದು, ಟೀ ಜರಡಿ ಮೇಲೆ ಬಗ್ಗಿಸುತ್ತೇನೆ. ಜರಡಿ ಕಟ್ಟಿಕೊಂಡರೆ ಚಮಚದಿಂದ ಎರಡು ಸಲ ಕೆರೆದರಾಯಿತು. ತೊಳೆಯುವುದು ಬರೀ ಎರಡು ಲೋಟ ತೊಳೆದಷ್ಟೇ.

ಯಾವುದರಲ್ಲೂ ಸೋಡಾ ಹಾಕಿ ಅಲ್ಲಾಡಿಸಬೇಡಿ. ಸೋಡಾ ಗ್ಲಾಸಿಗೆ, ಕೊನೆಯಲ್ಲಿ.

ಪುದೀನ ಹಾಕುವವರಿಗೆ ಈ ಗಲಾಟೆ ಅಷ್ಟು ಇಲ್ಲ. ಪುದೀನದ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇರುತ್ತದೆ. ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿದರೆ ಪರಿಮಳ ಬರುತ್ತದೆ. ಜಾಸ್ತಿ ಜಜ್ಜಿದರೆ ಕಹಿ. ಸ್ಟ್ರಾಬೆರಿಯನ್ನು ಹಿಂದಿನ ದಿನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಹೊರಗೆ ತೆಗೆದು ಮೆತ್ತಗಾಗಲು ಬಿಟ್ಟರೆ ಜಜ್ಜುವ ಶ್ರಮವೂ ಅರ್ಧ ಉಳಿಯುತ್ತದೆ.

ನಾನು ಕುಡಿಯುವುದು ವಾರಕ್ಕೊಂದು ಸಂಜೆ, ಒಂದು ಸಲಕ್ಕೆ ಎರಡು ಗ್ಲಾಸ್ ಮಾಡಿದರೆ ಸಾಕು, ಪಾತ್ರೆ ತೊಳೆಯುವವನೂ ನಾನೇ. ಆದ್ದರಿಂದ ನನ್ನ ಓಟು ಬಾಸ್ಟನ್‌ಗೆ. ಆ ಸೆಟ್‌ಗೆ ಕೊಟ್ಟ ದುಡ್ಡಿನ ಮೂರರಲ್ಲಿ ಒಂದು ಪಾಲಿಗೆ ಎರಡು ಲೋಟ ಬಂದವು, ಅದೊಂದು ಹೊಟ್ಟೆಯುರಿ ಇದೆ. ಈ ಚಟ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ ಅನ್ನುವವರು ಸುಮ್ನೆ ಜಾರಿನಲ್ಲೇ ಶುರು ಮಾಡಿ. ಹಣ್ಣು, ಸೊಪ್ಪಿನ ಗೋಜಿಗೆ ಹೋಗದವರು, ಮೇಜಿನ ಮೇಲೆ ಚೆಂದ ಕಾಣಬೇಕು ಅನ್ನುವವರು ಕಾಬ್ಲರ್ ತೆಗೆದುಕೊಳ್ಳಬಹುದು, ನನ್ನದನ್ನೇ ಬೇಕಾದರೂ ಕೊಡುತ್ತೇನೆ. ಪುಟ್ಟ ಮುಚ್ಚಳ ಮಾತ್ರ ಕೊಡುವುದಿಲ್ಲ. ಅಂಚಿನವರೆಗೆ ಸರಿಯಾಗಿ 30 ಮಿಲಿ ಹಿಡಿಯುತ್ತದೆ, ಎರಡು ಸಲ ತುಂಬಿದರೆ ಒಬ್ಬರ ಜಿನ್.