ಊರೊಳಗೆ ಓಡಿಸೋಕೆ ಡೀಸೆಲ್ ವ್ಯಾನ್ ಬುಕ್ ಮಾಡ್ತಿದ್ದೀರಾ? ಮೊದಲು ನನ್ನ ಬ್ರೆಡ್ ಗಾಡಿಯ ಕಥೆ ಕೇಳಿ

ಹೊಸ ಲೋಡ್ ವ್ಯಾನ್ ತಗೊಳ್ಳಲು ಹೊರಟವರು, ಅದರಲ್ಲೂ ಊರೊಳಗೇ ಅಂಗಡಿಯಿಂದ ಅಂಗಡಿಗೆ ಸರಕು ಹಾಕುವವರು, ಅಡ್ವಾನ್ಸ್ ಕೊಡುವ ಮುಂಚೆ ಹತ್ತು ನಿಮಿಷ ಇದನ್ನು ಓದಿ. ನಾನು ಆ ಹತ್ತು ನಿಮಿಷ ಉಳಿಸಲು ಹೋಗಿ ಎರಡು ವರ್ಷ ಒದ್ದಾಡಿದೆ.

ನಮ್ಮದು ಮೈಸೂರಿನಲ್ಲಿ ಚಿಕ್ಕ ಬೇಕರಿ. ಬ್ರೆಡ್ಡು, ಬನ್ನು, ರಸ್ಕು ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ಬೆಳಗ್ಗೆ ಮುಕ್ಕಾಲು ಐದಕ್ಕೆ ಗಾಡಿ ಹೊರಟರೆ ಅಗ್ರಹಾರ, ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ ಸುತ್ತಿ, ಮೇಟಗಳ್ಳಿ ಕಡೆ ಮುಗಿಸಿ, ಒಂಬತ್ತೂವರೆಗೆ ವಾಪಸ್. ಒಟ್ಟು 42 ಅಂಗಡಿ, ದಿನಕ್ಕೆ 38 ಕಿಲೋಮೀಟರ್. ಅಂದರೆ ಒಂದು ಕಿಲೋಮೀಟರ್ ಕೂಡ ನೆಟ್ಟಗೆ ಓಡಲ್ಲ, ಗಾಡಿ ನಿಂತೇ ಬಿಡುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2022ರಲ್ಲಿ ಹಳೇ ಗಾಡಿ ಮಾರಿ ಹೊಸದು ತಗೊಳ್ಳೋಣ ಅಂತ ಹೊರಟಾಗ ನಮ್ಮ ಭಾವ ಒಂದೇ ಮಾತು ಹೇಳಿದರು. ‘ಲೋಡ್ ಗಾಡಿ ಅಂದ್ರೆ ಡೀಸೆಲ್ಲೇ ಕಣೋ. ಪೆಟ್ರೋಲ್ ಹಾಕಿ ಬ್ರೆಡ್ ಮಾರಿದ್ರೆ ನಿಂಗೆ ಏನೂ ಗಿಟ್ಟಲ್ಲ.’ ಭಾವನ ಮಾತು ಸುಳ್ಳಲ್ಲ, ಆದರೆ ಅವರ ಕಾಲದ ಡೀಸೆಲ್ ಬೇರೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿ ಇದ್ದದ್ದು ಎರಡು ಸಿಲಿಂಡರಿನ, 702 ಸಿಸಿಯ, 16 ಎಚ್‌ಪಿ ಇಂಜಿನ್. ಊರೆಲ್ಲ ಚೋಟಾ ಹಾಥಿ ಅಂತ ಕರೆದ ಆ ಗಾಡಿ ಹೊಗೆ ಬಿಟ್ಟುಕೊಂಡು ಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಭಾವ ಓಡಿಸಿದ್ದು ಅದನ್ನೇ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂತು. ಆಗಿನಿಂದ ಡೀಸೆಲ್ ಗಾಡಿಯ ಸೈಲೆನ್ಸರ್ ಪೈಪಿನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಕೂತಿರುತ್ತದೆ. ಇದರ ಬಗ್ಗೆ ಭಾವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದ ಶೋರೂಮಿನ ಹುಡುಗ ಬಾಯಿ ಬಿಡಲಿಲ್ಲ.

ಅವನು ಬರೆದುಕೊಟ್ಟ ಲೆಕ್ಕದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಡೀಸೆಲ್ಲಿಗೆ ಲೀಟರಿಗೆ 20 ಕಿಲೋಮೀಟರ್, ಪೆಟ್ರೋಲಿಗೆ 15. ಆಗ ಡೀಸೆಲ್ 88 ರೂಪಾಯಿ, ಪೆಟ್ರೋಲ್ 102. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ 2,400 ರೂಪಾಯಿ ಉಳಿತಾಯ. ಚೆನ್ನಾಗಿದೆ ಅಲ್ವಾ? ಡೀಸೆಲ್ ಗಾಡಿಗೆ ಆನ್‌ರೋಡ್ 1,10,000 ಜಾಸ್ತಿ ಅನ್ನೋದು ಆ ಚೀಟಿಯಲ್ಲಿ ಇರಲಿಲ್ಲ, ಅಷ್ಟೆ. ಲೋಡ್ ಎಷ್ಟು, ದಿನಕ್ಕೆ ಎಷ್ಟು ಕಡೆ ನಿಲ್ಲಿಸ್ತೀರಿ, ಹೈವೇ ಹತ್ತುತ್ತೀರಾ ಅಂತ ಅವನು ಒಂದು ಮಾತೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಸಲಿಗೆ ನನ್ನ ಲೋಡ್ ಏನು ಗೊತ್ತಾ? ಕಂಟೇನರ್ ಬಾಡಿ ತುಂಬ ಟ್ರೇ ಜೋಡಿಸಿದರೂ ನಾನೂರು ಕೆಜಿ ದಾಟಲ್ಲ. ಬ್ರೆಡ್ಡಿನಲ್ಲಿ ಇರುವುದೇ ಗಾಳಿ. ಹತ್ತಿ ಮೂಟೆ ಹೊರಲು ಗರಡಿ ಪೈಲ್ವಾನನನ್ನು ಕರೆದ ಹಾಗೆ, ಆ ಗಾಳಿ ಎಳೆಯಲು ನಾನು ಟರ್ಬೊ ಡೀಸೆಲ್ ತಂದೆ.

ಮೊದಲ ಆರು ತಿಂಗಳು ಏನೂ ತೊಂದರೆಯಿಲ್ಲ. ಮೈಲೇಜು ಮಾತ್ರ 14ರ ಮೇಲೆ ಹೋಗಲೇ ಇಲ್ಲ. ಊರೊಳಗೆ ಅಷ್ಟೇ ಬರೋದು ಅಂತ ಸುಮ್ಮನಾದೆ.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ನನಗೆ ಭಾನುವಾರ ಬೆಳಗ್ಗೆ ಆಯಿಲ್ ನೋಡುವ ಅಭ್ಯಾಸ. ಗೇಜ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿ ನೋಡಿದರೆ ಆಯಿಲ್ ಒಂದು ಚೂರೂ ಕಮ್ಮಿಯಾಗಿಲ್ಲ. ಎರಡು ವಾರ ಬಿಟ್ಟು ನೋಡಿದರೆ ಮೇಲಿನ ಗೆರೆ ಮುಟ್ಟಿದೆ. ಇನ್ನೊಂದು ವಾರಕ್ಕೆ ಗೆರೆ ದಾಟಿ ಅರ್ಧ ಬೆರಳು ಮೇಲೆ! ‘ಇಂಜಿನ್ ಅಂದ್ರೆ ಇದಪ್ಪಾ, ಒಂದು ಹನಿ ಆಯಿಲ್ ಕುಡಿಯಲ್ಲ’ ಅಂತ ಟೀ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದೆ. ನಮ್ಮ ಡ್ರೈವರ್ ಹುಡುಗ ಮಾತ್ರ ತಲೆ ಕೆರೆದುಕೊಂಡ. ‘ಅಣ್ಣಾ, ಕುಡಿಯಲ್ಲ ಅನ್ನೋದು ಸರಿ. ಆದ್ರೆ ಇದು ಆಯಿಲ್ ಹುಟ್ಟಿಸ್ತಾ ಇದೆಯಲ್ಲ?’ ಆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಡೀಸೆಲ್ ವಾಸನೆ ಹೊಡೆಯುತ್ತಿತ್ತು.

ಆಗುತ್ತಿದ್ದದ್ದು ಇಷ್ಟು. ಡಿಪಿಎಫ್ ಅನ್ನೋದು ಹೊಗೆಯಲ್ಲಿನ ಮಸಿ ಹಿಡಿಯುವ ಜರಡಿ. ಮಸಿ ತುಂಬಿದ ಮೇಲೆ ಅದನ್ನು ಸುಟ್ಟು ಖಾಲಿ ಮಾಡಬೇಕು. ಸುಡಲು ಜರಡಿಯ ಬಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು. ಅದಕ್ಕಾಗಿ ಗಾಡಿಯ ಕಂಪ್ಯೂಟರ್ ತಾನಾಗಿಯೇ ಸ್ವಲ್ಪ ಹೆಚ್ಚಿನ ಡೀಸೆಲ್ ಚಿಮ್ಮಿಸುತ್ತದೆ. ಗಾಡಿ ಹೈವೇಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡುತ್ತಿದ್ದರೆ ಕೆಲಸ ಮುಗಿಯುತ್ತದೆ, ನಿಮಗೆ ಗೊತ್ತೂ ಆಗಲ್ಲ. ಮಧ್ಯದಲ್ಲಿ ಕೀ ತಿರುಗಿಸಿ ಆಫ್ ಮಾಡಿದರೆ ಸುಡುವುದು ಅರ್ಧಕ್ಕೇ ನಿಲ್ಲುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಮತ್ತೆ ಸ್ಟಾರ್ಟ್, ಮತ್ತೆ ಪ್ರಯತ್ನ, ಮತ್ತೆ ಆಫ್. ನನ್ನ ಗಾಡಿ ಬೆಳಗ್ಗೆ ಒಂದರಲ್ಲೇ 42 ಸಲ ಆಫ್ ಆಗುತ್ತಿತ್ತು. ‘ಅಂಗಡಿ ಮುಂದೆ ನಿಂತಾಗ ಆಫ್ ಮಾಡೋ, ಡೀಸೆಲ್ ಉಳಿಯುತ್ತೆ’ ಅಂತ ಹುಡುಗನಿಗೆ ಬೈದು ಬೈದು ಕಲಿಸಿದವನು ನಾನೇ.

2023ರ ದಸರಾ ವಾರ. ಹೋಟೆಲುಗಳಿಂದ ಬನ್ನಿಗೆ ಎರಡರಷ್ಟು ಆರ್ಡರ್. ಬೆಳಗ್ಗೆ ಐದೂವರೆಗೆ ಫೋನ್. ‘ಅಣ್ಣಾ, ಗಾಡಿ ಎಳೀತಿಲ್ಲ. ಎಷ್ಟು ತುಳಿದ್ರೂ ಎರಡು ಸಾವಿರ ಆರ್‌ಪಿಎಂ ದಾಟ್ತಿಲ್ಲ. ಹಳದಿ ಲೈಟ್ ಹತ್ತಿದೆ.’ ಹಳದಿ ಲೈಟು ತಿಂಗಳಿಂದ ಬಂದು ಹೋಗಿ ಮಾಡುತ್ತಿತ್ತಂತೆ. ಪೆಟ್ರೋಲ್ ಕಮ್ಮಿಯಾದಾಗ ಬೈಕಿನಲ್ಲಿ ಬರುತ್ತಲ್ಲ, ಅಂಥದ್ದೇ ಏನೋ ಅಂತ ಅವನು ಅಂದುಕೊಂಡಿದ್ದ. ಜರಡಿ ಪೂರ್ತಿ ಕಟ್ಟಿಕೊಂಡರೆ ಇಂಜಿನ್ ಕೆಡದಿರಲಿ ಅಂತ ಗಾಡಿ ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ತೆವಳಿಕೊಂಡು ಅಂಗಡಿ ಅಂಗಡಿ ಮುಟ್ಟುವ ಹೊತ್ತಿಗೆ ಹತ್ತು ಗಂಟೆ. ಅರ್ಧ ಜನ ಬೇರೆಯವರ ಹತ್ತಿರ ಮಾಲು ತಗೊಂಡಾಗಿತ್ತು. ಅವತ್ತು ವಾಪಸ್ ಬಂದ ಬ್ರೆಡ್ಡೆಲ್ಲ ರಸ್ಕ್ ಆಯಿತು.

ಸರ್ವೀಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಚುಚ್ಚಿ, ಗಾಡಿ ನಿಲ್ಲಿಸಿಯೇ ಮುಕ್ಕಾಲು ಗಂಟೆ ಇಂಜಿನ್ ಕೂಗಿಸಿ ಮಸಿ ಸುಟ್ಟರು. ಬಿಲ್ 3,200. ‘ವಾರಕ್ಕೊಂದು ಸಲ ಹೈವೇಯಲ್ಲಿ ಓಡಿಸಿ ಸರ್’ ಅಂದರು. ಬ್ರೆಡ್ ಗಾಡಿ ಹೈವೇಗೆ ಯಾಕೆ ಹೋಗುತ್ತೆ ಹೇಳಿ? ಆದರೂ ಹೋದೆ. ಪ್ರತಿ ಭಾನುವಾರ ಖಾಲಿ ಗಾಡಿ ತಗೊಂಡು ರಿಂಗ್ ರೋಡ್ ಒಂದು ಸುತ್ತು. ಅದೇ 40 ಕಿಲೋಮೀಟರ್ ಮೇಲಾಗುತ್ತದೆ. ಅಂದರೆ ಒಂದು ದಿನ ಬ್ರೆಡ್ ಹಾಕಲು ಓಡುವುದಕ್ಕಿಂತ ಜಾಸ್ತಿ ದೂರ ಫಿಲ್ಟರಿಗೆ ವಾಕಿಂಗ್ ಮಾಡಿಸುತ್ತಿದ್ದೆ. ಸಿಗ್ನಲ್ ಕಾಟ ಅಂತ ಆಮೇಲೆ ನಂಜನಗೂಡು ರಸ್ತೆ ಹಿಡಿದೆ. ‘ಏನ್ರೀ, ವಾರ ವಾರ ನಂಜುಂಡೇಶ್ವರನ ದರ್ಶನಾನಾ?’ ಅಂತ ಪಕ್ಕದ ಮನೆಯವರು ಕೇಳಿದರು. ಏನಂತ ಹೇಳಲಿ.

ಮೂರು ಸಲ ಸುಟ್ಟ ಮೇಲೂ ಲೈಟ್ ಹೋಗಲಿಲ್ಲ. ಫಿಲ್ಟರ್ ಬಿಚ್ಚಿ ತೊಳೆಸಿದ್ದಕ್ಕೆ 16,500. ಹೊಸದಕ್ಕೆ ಕೊಟ್ಟ ಕೊಟೇಶನ್ 92,000. ವಾರಂಟಿ ಕೇಳಿದರೆ ಎರಡು ಕಾರಣ ಹೇಳಿ ಕೈ ತೊಳೆದುಕೊಂಡರು. ಮೊದಲನೆಯದು, ಓಡಿಸುವ ರೀತಿ ಸರಿಯಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ. ಊರೊಳಗೆ ಸರಕು ಹಾಕಲು ಅಂತಲೇ ಮಾರಿದ ಗಾಡಿ ಊರೊಳಗೆ ಓಡಿತು ಅಂತ ವಾರಂಟಿ ಇಲ್ಲ ಅಂದರೆ ಅದು ಯಾವ ನ್ಯಾಯ? ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಧ್ಯೆ ಒಂದು ಸಲ 400 ರೂಪಾಯಿ ಉಳಿಸಲು ಹೊರಗಡೆ ಹಳೇ ಡೀಸೆಲ್ ಗಾಡಿಯ ಆಯಿಲ್ ಹಾಕಿಸಿದ್ದೆ. ಡಿಪಿಎಫ್ ಇರುವ ಇಂಜಿನ್ನಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಆಗಲ್ಲ. ಅದು ಜರಡಿಯಲ್ಲೇ ಕೂತುಬಿಡುತ್ತದೆ. ಯಾವ ಗ್ರೇಡ್ ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿತ್ತು. ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ನಾನು ಹರಿದಿರಲಿಲ್ಲ.

ಹೊರಗಿನ ಒಬ್ಬ ಗ್ಯಾರೇಜಿನವನು ‘ಫಿಲ್ಟರ್ ಕಿತ್ತುಹಾಕಿ ಸಾಫ್ಟ್‌ವೇರ್ ಬದಲಾಯಿಸಿಕೊಡ್ತೀನಿ, ಹದಿನೈದು ಸಾವಿರ ಕೊಡಿ ಸಾಕು’ ಅಂದ. ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಕಾನೂನಿಗೆ ವಿರುದ್ಧ. ಲೋಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನೋ ಸರ್ಕಾರಿ ಪರೀಕ್ಷೆ) ಆಗಬೇಕು. ಪ್ರತಿ ಸಲ ಎದೆ ಢವಢವ ಅನ್ನಿಸಿಕೊಂಡು ನಿಲ್ಲುವ ಕರ್ಮ ಬೇಡ ಅಂತ ಬಿಟ್ಟೆ. ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡಿ.

ಎರಡು ವರ್ಷದ ಖರ್ಚು ಒಂದು ಕಡೆ ಬರೆದೆ. ಸುಡಿಸಿದ್ದು, ತೊಳೆಸಿದ್ದು, ಡೀಸೆಲ್ ಬೆರೆತ ಆಯಿಲ್ಲನ್ನು ಅವಧಿಗೆ ಮುಂಚೆ ನಾಲ್ಕು ಸಲ ಬದಲಾಯಿಸಿದ್ದು, ಗಾಡಿ ನಿಂತ 19 ದಿನ ಬಾಡಿಗೆ ವ್ಯಾನ್ ಹಿಡಿದದ್ದು, ಎಲ್ಲ ಸೇರಿ 76,000ದ ಹತ್ತಿರ. ಊರೊಳಗೆ ಪೆಟ್ರೋಲ್ ಗಾಡಿಗೂ ಚೀಟಿಯ ಮೈಲೇಜು ಸಿಗಲ್ಲ ಅಂತ ಹಿಡಿದರೆ, ಡೀಸೆಲ್ಲಿನಿಂದ ನಿಜವಾಗಿ ಉಳಿದದ್ದು ತಿಂಗಳಿಗೆ 1,900, ಎರಡು ವರ್ಷಕ್ಕೆ 46,000 ಕೂಡ ಇಲ್ಲ. ಗಾಡಿ ಒಂದು ದಿನವೂ ಕೆಡದೆ ಓಡಿದ್ದರೂ ಆ ಹೆಚ್ಚುವರಿ 1,10,000 ವಾಪಸ್ ಬರಲು ಐದು ವರ್ಷ ಬೇಕಿತ್ತು, ಬಡ್ಡಿ ಬಿಟ್ಟು. ಆಮೇಲೆ 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿ, ಲೀಟರಿಗೆ 2 ರೂಪಾಯಿ ಜಾಸ್ತಿಯಾಯಿತು. ಈಗ ಲೆಕ್ಕ ಹಾಕುವವರಿಗೆ ಉಳಿತಾಯ ಇನ್ನೂ ಕಮ್ಮಿ.

ಇಷ್ಟು ಓದಿ ‘ಹಾಗಾದ್ರೆ ಡೀಸೆಲ್ಲೇ ಬೇಡ’ ಅಂತ ಎದ್ದು ಹೋಗಬೇಡಿ. ಅದೇ ತಪ್ಪು ನಮ್ಮ ಚಿಕ್ಕಪ್ಪನ ಮಗ ಮಾಡಿದ. ಸಕಲೇಶಪುರದಲ್ಲಿ ಅವನದು ಮೀನು ವ್ಯಾಪಾರ. ಮಂಗಳೂರಿನ ಮೀನು ಬಂದರು ದಕ್ಕೆಯಿಂದ ಬಂಗುಡೆ, ಬೂತಾಯಿ ಐಸ್ ಹಾಕಿ ತುಂಬಿಕೊಂಡು ರಾತ್ರೋರಾತ್ರಿ ಶಿರಾಡಿ ಘಾಟ್ ಹತ್ತಬೇಕು. ನನ್ನ ಗೋಳು ಕೇಳಿ ಹೆದರಿ ಚಿಕ್ಕ ಸಿಎನ್‌ಜಿ ಗಾಡಿ ತಂದ. ಮಂಗಳೂರಿಗೆ ಇಳಿಯುವಾಗ ಖಾಲಿ, ರಾಜನ ಹಾಗೆ ಹೋಗುತ್ತಾನೆ. ಹತ್ತುವಾಗ ಗಾಡಿ ತುಂಬ ಮೀನು, ಐಸು, ನೀರು. ಗುಂಡ್ಯ ದಾಟಿದ ಮೇಲೆ ಎರಡನೇ ಗೇರ್, ತಿರುವಿನಲ್ಲಿ ಮೊದಲನೇ ಗೇರ್, ಹಿಂದೆ ಟ್ಯಾಂಕರಿನವರ ಹಾರನ್ನು. ಅದೇ ಇಂಜಿನ್ ಪೆಟ್ರೋಲಿಗಿಂತ ಸಿಎನ್‌ಜಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಸಿಲಿಂಡರಿನ ತೂಕ ಬೇರೆ, ಅಷ್ಟು ಲೋಡು ಕಮ್ಮಿ. ಮೂರು ವರ್ಷಕ್ಕೊಮ್ಮೆ ಆ ಸಿಲಿಂಡರಿನ ಪರೀಕ್ಷೆ. ಬಂಕಿನಲ್ಲಿ ಪ್ರೆಶರ್ ಕಡಿಮೆ ಇದ್ದ ದಿನ ಸಿಲಿಂಡರ್ ತುಂಬುವುದೇ ಇಲ್ಲ. ಸರತಿಯಲ್ಲಿ ನಿಂತಷ್ಟು ಹೊತ್ತು ಐಸ್ ಕರಗುತ್ತಿರುತ್ತದೆ. ಅವನಿಗೆ ಬೇಕಿದ್ದದ್ದು ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಡೀಸೆಲ್. ಅಷ್ಟು ದೂರ ಲೋಡ್ ಹೊತ್ತು ಓಡಿದರೆ ಡಿಪಿಎಫ್ ತನ್ನ ಪಾಡಿಗೆ ತಾನು ಸುಟ್ಟುಕೊಂಡು ಚೊಕ್ಕಟವಾಗಿರುತ್ತಿತ್ತು. ನನಗೆ ಬೇಕಿದ್ದದ್ದು ಪೆಟ್ರೋಲ್, ಇಲ್ಲ ಅವನ ಥರದ ಸಿಎನ್‌ಜಿ. ಇಬ್ಬರೂ ಒಬ್ಬರದನ್ನು ಒಬ್ಬರು ತಂದಿದ್ದೆವು.

ಅದಕ್ಕೇ ಶೋರೂಮಿಗೆ ಹೋಗುವ ಮುಂಚೆ ಒಂದು ವಾರ ನಿಮ್ಮ ಓಡಾಟ ಬರೆದಿಡಿ. ಎಷ್ಟು ಕಿಲೋಮೀಟರ್ ಅನ್ನೋದಕ್ಕಿಂತ ಎಷ್ಟು ಸಲ ಆಫ್ ಆಗುತ್ತೆ, ನಿಲ್ಲದೆ ಇಪ್ಪತ್ತು ನಿಮಿಷ ಓಡುವುದು ವಾರಕ್ಕೆ ಎಷ್ಟು ಸಲ, ಲೋಡ್ ಹೊತ್ತಾಗ ಏರು ಇದೆಯಾ ಅನ್ನೋದು ಮುಖ್ಯ. ತಿಂಗಳಿಗೆ ಎರಡೂವರೆ ಸಾವಿರ ಕಿಲೋಮೀಟರ್ ಮೇಲೆ, ಬಹುಪಾಲು ಹೈವೇ ಅಂದರೆ ಡೀಸೆಲ್ ಧೈರ್ಯವಾಗಿ ತಗೊಳ್ಳಿ. ಇದು ನನ್ನ ಅಂದಾಜು, ಎಲ್ಲೂ ಬರೆದಿರುವ ನಿಯಮ ಅಲ್ಲ. ಟೆಸ್ಟ್ ಡ್ರೈವ್ ಖಾಲಿ ಗಾಡಿಯಲ್ಲಿ ಮಾಡಬೇಡಿ. ನಾಲ್ಕು ಮೂಟೆ ಅಕ್ಕಿ ಹಾಕಿಕೊಂಡು ಏರು ಹತ್ತಿಸಿ ಅಂತ ಕೇಳಿ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಡಿಪಿಎಫ್‌ಗೆ ವಾರಂಟಿ ಇದೆಯಾ, ಊರೊಳಗೆ ಓಡಿಸಿದರೂ ಇದೆಯಾ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡುವ ನನ್ನಂಥವನಿಗೆ ಎಲೆಕ್ಟ್ರಿಕ್ ಕೂಡ ಆಗುತ್ತಿತ್ತು. ಆದರೆ ನಮ್ಮ ಬಾಡಿಗೆ ಜಾಗದಲ್ಲಿ ಚಾರ್ಜಿಂಗಿಗೆ ಲೈನ್ ಎಳೆಸಲು ಓನರ್ ಒಪ್ಪಲಿಲ್ಲ.

2024ರ ಕೊನೆಗೆ ಗಾಡಿ ಮಾರಿದೆ. ಗುಂಡ್ಲುಪೇಟೆಯ ಒಬ್ಬ ತರಕಾರಿ ವ್ಯಾಪಾರಿ ತಗೊಂಡರು. ಬೆಳಗ್ಗೆ ಆರಕ್ಕೆ ಬಂಡೀಪುರದ ಗೇಟ್ ತೆಗೆಯುವುದನ್ನೇ ಕಾದು, ಗಾಡಿ ತುಂಬ ತರಕಾರಿ ಹೇರಿಕೊಂಡು ವಯನಾಡಿಗೆ ಹೋಗುವವರು. ಮುಚ್ಚಿಡದೆ ಎಲ್ಲ ಹೇಳಿದೆ. ಹಳದಿ ಲೈಟು, ಆಯಿಲ್, ಬಿಲ್ಲುಗಳು, ಎಲ್ಲ. ಅವರು ಅದಕ್ಕೆ ತಕ್ಕ ಹಾಗೆ ರೇಟು ಕಮ್ಮಿ ಮಾಡಿದರು, ನಾನು ಒಪ್ಪಿಕೊಂಡೆ.

ಹೋದ ತಿಂಗಳು ಅವರೇ ಫೋನ್ ಮಾಡಿದ್ದರು. ‘ಅಣ್ಣಾವ್ರೇ, ನೀವು ಹೇಳಿದ್ರಲ್ಲ ಹಳದಿ ಲೈಟು, ಅದು ಎಡಗಡೆ ಬರುತ್ತೋ ಬಲಗಡೆ ಬರುತ್ತೋ? ಇಷ್ಟು ದಿನ ಆಯ್ತು, ನಾನು ಇನ್ನೂ ನೋಡೇ ಇಲ್ಲ.’