ಮನೆಯಲ್ಲೇ ಪಿಕಪ್‌ಗೆ ಸ್ಪ್ರೇ ಪೇಂಟ್ ಹೊಡೆಯುವವರು ಹಾರ್ಡನರ್ ಡಬ್ಬಿ ತೆರೆಯುವ ಮೊದಲು ಇದನ್ನು ಓದಿ

ಪಿಕಪ್ ಇರಲಿ, ಜೀಪಿರಲಿ, ಲಾರಿ ಇರಲಿ, ಮನೆಯ ಶೆಡ್ಡಿನಲ್ಲೇ ಪೇಂಟ್ ಹೊಡೆದುಬಿಡೋಣ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಟೂ-ಕೆ ಪೇಂಟ್, ಅಂದರೆ ಬಣ್ಣವನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್ ತರುವವರು ದಯವಿಟ್ಟು ಕೊನೆಯವರೆಗೆ ಓದಿ. ನಮ್ಮ ಮನೆಯಲ್ಲಿ ಈ ಕೆಲಸ ಮಾಡಿದ ಮೇಲೆ ನನ್ನ ತಮ್ಮನಿಗೆ ಉಸಿರಾಟದ ತೊಂದರೆ ಶುರುವಾಯಿತು. ಇವತ್ತಿಗೂ ಪೂರ್ತಿ ಹೋಗಿಲ್ಲ. ಬಣ್ಣವೂ ಕೆಟ್ಟಿತು, ಆದರೆ ಕೆಟ್ಟ ಬಣ್ಣವನ್ನು ಉಜ್ಜಿ ತೆಗೆಯಬಹುದು.

ನಾವಿರುವುದು ಕೊಡಗಿನ ಸುಂಟಿಕೊಪ್ಪದ ಕಡೆ. ಗಾಡಿ ಹಳೆಯ ಪಿಕಪ್. ಕಾಫಿ ಚೀಲ, ಗೊಬ್ಬರ, ಸೌದೆ, ಎಲ್ಲಕ್ಕೂ ಅದೇ. ಹಳದಿ ಬೋರ್ಡಿನ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಗೊತ್ತಲ್ಲ. ನಮ್ಮ ಮಳೆಗೆ ಬಾಗಿಲಿನ ಕೆಳಭಾಗ, ಮಡ್‌ಗಾರ್ಡ್ ಎಲ್ಲ ತುಕ್ಕು ತಿಂದಿತ್ತು. ಟಿಂಕರಿಂಗ್ ಮತ್ತು ಪೇಂಟಿಂಗಿಗೆ ವರ್ಕ್‌ಶಾಪಿನವರು ಹೇಳಿದ ರೇಟು ಆ ವರ್ಷದ ಕೈಗೆ ಜಾಸ್ತಿಯೇ ಆಯಿತು. ತಮ್ಮನ ಕೈ ಚೆನ್ನಾಗಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟರ್ ಬಿಚ್ಚಿ ಜೋಡಿಸುತ್ತಾನೆ, ವೆಲ್ಡಿಂಗ್ ಮಾಡುತ್ತಾನೆ. "ಅಣ್ಣ, ನಾನೇ ಹೊಡೀತೀನಿ, ಕಂಪ್ರೆಸರ್ ಇದೆ, ಗನ್ ತಂದ್ರೆ ಸಾಕು" ಅಂದ. ಕಾಫಿ ಕುಯ್ಲು ಮುಗಿದು ಕಣ ಖಾಲಿಯಾಗಲಿ ಅಂತ ಮಾರ್ಚ್‌ವರೆಗೆ ಕಾದೆವು.

ತಯಾರಿ ಕೆಲಸ ನಿಜವಾಗಿಯೂ ಚೆನ್ನಾಗಿ ಆಯಿತು. ತುಕ್ಕು ಹಿಡಿದ ಕಡೆ 80 ನಂಬರಿನ ಉಜ್ಜುವ ಪೇಪರಿನಲ್ಲಿ ತಗಡು ಹೊಳೆಯುವವರೆಗೆ ಉಜ್ಜಿದ. ತೂತಾದ ಕಡೆ ತಗಡು ವೆಲ್ಡ್ ಮಾಡಿ, ಪಟ್ಟಿ (ಪುಟ್ಟಿ) ಹಾಕಿ, 180ರಲ್ಲಿ ಮಟ್ಟ ಮಾಡಿ, ಪ್ರೈಮರ್ ಒಣಗಿದ ಮೇಲೆ 400ರ ವಾಟರ್ ಪೇಪರ್ ಹೊಡೆದ. ಈ ಭಾಗ ಮನೆಯಲ್ಲಿ ಮಾಡಬಹುದಾದದ್ದೇ. ಆದರೆ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ನೀರು ಹಾಕಿ ಉಜ್ಜಿ. ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅಂತ 2016ರಲ್ಲಿ ಬಂದ ನಿಯಮ ಮನೆಗೆ ಹೊಡೆಯುವ ಬಣ್ಣಕ್ಕೆ, ಗಾಡಿಗೆ ಹೊಡೆಯುವುದಕ್ಕಲ್ಲ. ಆ ಧೂಳು ಅಂಗಳದಲ್ಲಿ ಆಡುವ ಮಕ್ಕಳ ಕೈಗೆ, ಬಾಯಿಗೆ ಹೋಗಬಾರದು.

ತೊಂದರೆ ಶುರುವಾದದ್ದು ಪೇಂಟ್ ಅಂಗಡಿಯಿಂದ. ನಾವು ಕೇಳಲು ಹೋದದ್ದು ಸಾದಾ ಸಿಂಥೆಟಿಕ್ ಎನಾಮಲ್. ಅಂಗಡಿಯವರು, "ಅದು ಬೇಡ ಅಣ್ಣ, ಮಳೆಗೆ ನಿಲ್ಲಲ್ಲ. ಟೂ-ಕೆ ತಗೊಳ್ಳಿ, ಕಂಪನಿ ಶೈನಿಂಗ್ ಬರುತ್ತೆ" ಅಂದರು. ಮಾಸ್ಕ್ ಯಾವುದು ಬೇಕು ಅಂತ ತಮ್ಮ ಕೇಳಿದ. "ಕರ್ಚೀಫ್ ಕಟ್ಕೊಳ್ಳಿ, ಏನೂ ಆಗಲ್ಲ. ನಮ್ಮ ಹುಡುಗರೆಲ್ಲ ಹಾಗೇ ಹೊಡೆಯೋದು." ಇಷ್ಟೇ ಉತ್ತರ. ಬಣ್ಣದ ಡಬ್ಬಿ, ಹಾರ್ಡನರ್ ಡಬ್ಬಿ, ತಿನ್ನರ್ ಕ್ಯಾನ್ ಚೀಲಕ್ಕೆ ಹಾಕಿ ಕೊಟ್ಟರು.

ಆ ಹಾರ್ಡನರ್ ಡಬ್ಬಿ ಈಗಲೂ ನನ್ನ ಕಣ್ಣ ಮುಂದಿದೆ. ಅಂಗೈಯಗಲದ ಚೀಟಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಎಲ್ಲ ಇಂಗ್ಲಿಷ್. ಮೂಲೆಯಲ್ಲಿ ಕೆಂಪು ಚೌಕ, ಅದರೊಳಗೆ ಎದೆಯ ಮೇಲೆ ನಕ್ಷತ್ರ ಸಿಡಿದಿರುವ ಮನುಷ್ಯನ ಕಪ್ಪು ಚಿತ್ರ. ಆ ಚಿತ್ರವನ್ನು ಗುರುತಿಟ್ಟುಕೊಳ್ಳಿ. ಒಳಗೆ ಹೋದರೆ ದೇಹಕ್ಕೆ ದೊಡ್ಡ ಹಾನಿ ಮಾಡಬಹುದಾದ ವಸ್ತು ಇದೆ ಅಂತ ಅದರ ಅರ್ಥ. ಹಾರ್ಡನರ್ ವಿಷಯದಲ್ಲಿ ಆ ವಸ್ತುವಿನ ಹೆಸರು ಐಸೊಸಯನೇಟ್.

ಧೂಳು, ಹುಳ ಕೂರಬಾರದು ಅಂತ ಶೆಡ್ಡಿನ ನಾಲ್ಕೂ ಕಡೆ ಟಾರ್ಪಾಲು ಇಳಿಬಿಟ್ಟೆವು. ಮರದ ನೆರಳಿನ ತೋಟದಲ್ಲಿ ಹುಳ ಹೇಗೆ ಬರುತ್ತವೆ ಅಂತ ನಿಮಗೆ ಹೇಳಬೇಕಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಿದ ವಿಡಿಯೋಗಳಲ್ಲೂ ಹಾಗೇ ಕಟ್ಟುತ್ತಾರೆ. ಆದರೆ ಹೊರಗಿನ ಧೂಳು ಒಳಗೆ ಬರದಿದ್ದರೆ ಒಳಗಿನ ಹಬೆಯೂ ಹೊರಗೆ ಹೋಗುವುದಿಲ್ಲ. ನಿಜವಾದ ಪೇಂಟ್ ಬೂತಿನಲ್ಲಿ ಫ್ಯಾನು ಒಂದು ಕಡೆಯಿಂದ ಫಿಲ್ಟರ್ ಆದ ಗಾಳಿ ಕೊಡುತ್ತದೆ, ಇನ್ನೊಂದು ಕಡೆಯಿಂದ ಪೇಂಟಿನ ಹಬೆಯನ್ನು ಎಳೆದು ಹಾಕುತ್ತದೆ. ಟಾರ್ಪಾಲು ಕಟ್ಟಿದ ಶೆಡ್ಡಿನಲ್ಲಿ ಹೊಡೆಯುವವನು ಅದೇ ಹಬೆಯೊಳಗೆ ನಿಂತು ಉಸಿರಾಡುತ್ತಾನೆ.

ಪೇಂಟ್ ಹೊಡೆಯುವ ಹಿಂದಿನ ದಿನವಷ್ಟೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದಿತ್ತು. ಕಾಫಿಗೆ ಒಳ್ಳೆಯದು, ಪೇಂಟಿಗೆ ಕೆಟ್ಟದ್ದು. ಮಧ್ಯಾಹ್ನ ಬಿಸಿಲಿತ್ತು, ಕ್ಯಾಬಿನ್ನಿಗೆ ಮೊದಲ ಕೋಟ್ ಚೆನ್ನಾಗಿಯೇ ಕೂತಿತು. ಬಾನೆಟ್ಟಿಗೆ ಬರುವ ಹೊತ್ತಿಗೆ ಸಂಜೆಯಾಗಿ, ಕೆಳಗಿನ ಗದ್ದೆಯ ಕಡೆಯಿಂದ ಥಂಡಿ ಏರಿತು. ಮನೆಯ ಸಣ್ಣ ಕಂಪ್ರೆಸರ್‌ಗೆ ಇಡೀ ಗಾಡಿಗೆ ಗಾಳಿ ಕೊಡುವ ತಾಕತ್ತಿಲ್ಲ. ಒತ್ತಡ ಬೀಳುತ್ತಿತ್ತು, ಗನ್ನು ಬಣ್ಣವನ್ನು ಹನಿಹನಿಯಾಗಿ ಉಗುಳುತ್ತಿತ್ತು. ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿದಾಗ ನೀರು ಸುರಿಯಿತು. ತೇವದ ಗಾಳಿಯನ್ನು ಒತ್ತಿ ತುಂಬಿದರೆ ಅದರಲ್ಲಿದ್ದ ನೀರು ಟ್ಯಾಂಕಿನಲ್ಲೇ ಇಳಿಯುತ್ತದೆ, ಪೈಪಿನ ಮೂಲಕ ಬಣ್ಣಕ್ಕೂ ಬರುತ್ತದೆ.

ಮರುದಿನ ಬೆಳಿಗ್ಗೆ ಬಾನೆಟ್ ನೋಡಿದೆವು. ಅಲ್ಲಲ್ಲಿ ಹೊಳಪೇ ಇಲ್ಲ, ಮಂಕು. ಬೆಳಕಿಗೆ ಓರೆಯಾಗಿ ನೋಡಿದರೆ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ, ಕೆಲವು ಒಡೆದು ತೂತಾಗಿದ್ದವು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಇದಕ್ಕೆ ಕಾರಣ ಹೀಗೆ. ಹಾರ್ಡನರಿನ ಐಸೊಸಯನೇಟ್ ಬಣ್ಣದ ಜೊತೆ ಸೇರಿ ಗಟ್ಟಿಯಾಗಬೇಕು. ನೀರು ಸಿಕ್ಕರೆ ಅದು ನೀರಿನ ಜೊತೆ ಸೇರಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಆ ಅನಿಲ ಒಳಗಿನಿಂದ ಗುಳ್ಳೆ ಎಬ್ಬಿಸುತ್ತದೆ. ಸಾಮಾನ್ಯವಾಗಿ ಹೇಳುವ ಲೆಕ್ಕ, ಗಾಳಿಯ ತೇವಾಂಶ 85 ಪರ್ಸೆಂಟ್ ದಾಟಿದರೆ ಪೇಂಟ್ ಹೊಡೆಯಬಾರದು. ತಗಡಿನ ಬಿಸಿಯೂ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಎತ್ತುವ ಹಾಗಿಲ್ಲ. ಬೇಸಿಗೆಯಲ್ಲೂ ಸಂಜೆ ಮತ್ತು ಬೆಳಗಿನ ಜಾವ ತಗಡು ಮುಟ್ಟಿ ನೋಡಿ, ಕೈಗೆ ತಣ್ಣಗೆ ಒದ್ದೆ ತಗಲುತ್ತದೆ.

ಬಾನೆಟ್ಟಿನ ಕಥೆ ಇಷ್ಟು. ತಮ್ಮನದು ಬೇರೆ.

ಪೇಂಟ್ ಹೊಡೆದ ದಿನ ರಾತ್ರಿಯೇ ಅವನಿಗೆ ಕೆಮ್ಮು ಶುರುವಾಯಿತು. ಪೇಂಟ್ ಹೊಡೆಯುವಾಗ ಏನೂ ಆಗಿರಲಿಲ್ಲ, ಊಟವನ್ನೂ ಚೆನ್ನಾಗಿ ಮಾಡಿದ. ಮಲಗಿದ ಮೇಲೆ ಒಣಕೆಮ್ಮು, ಎದೆ ಬಿಗಿತ. ತಿನ್ನರ್ ವಾಸನೆ ಇರಬೇಕು ಅಂತ ಅಮ್ಮ ಕಷಾಯ ಮಾಡಿಕೊಟ್ಟರು. ಎರಡು ದಿನದಲ್ಲಿ ಕಡಿಮೆಯಾಯಿತು. ಆಮೇಲೆ ಬಾನೆಟ್ ಉಜ್ಜಿ ಮತ್ತೆ ಹೊಡೆದ. ಈ ಸಲ ರಾತ್ರಿಯವರೆಗೂ ಕಾಯಲಿಲ್ಲ, ಸಂಜೆಗೇ ಉಸಿರು ಸಿಕ್ಕದ ಹಾಗಾಯಿತು. ಮಲಗಲು ಆಗದೆ ಗೋಡೆಗೆ ಒರಗಿ ಕೂತಿದ್ದ. ಉಸಿರು ಬಿಡುವಾಗ ಎದೆಯಿಂದ ಸಿಳ್ಳೆ ಸದ್ದು ನನಗೇ ಕೇಳುತ್ತಿತ್ತು. ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತಿರಲಿಲ್ಲ. ರಾತ್ರೋರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಆಮೇಲೆ ಮೈಸೂರಿನಲ್ಲಿ ಶ್ವಾಸಕೋಶದ ಡಾಕ್ಟರಿಗೆ ತೋರಿಸಿದೆವು. ಅವರು ಯಂತ್ರಕ್ಕೆ ಊದಿಸಿ ಪರೀಕ್ಷೆ ಮಾಡಿದರು. ಏನು ಕೆಲಸ ಮಾಡುತ್ತೀರಿ ಅಂತ ಮೊದಲು ಕೇಳಿದರು. ಪೇಂಟ್ ಅಂದ ಕೂಡಲೇ, "ಹಾರ್ಡನರ್ ಬೆರೆಸಿದ್ದೀರಾ?" ಅಂದರು.

ಅವರು ತಿಳಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಕೆಲಸದಿಂದ ಬರುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಗೊತ್ತಿರುವ ಮುಖ್ಯ ಕಾರಣಗಳಲ್ಲಿ ಐಸೊಸಯನೇಟ್ ಒಂದು. ಕೆಲವರಿಗೆ ವರ್ಷಗಟ್ಟಲೆ ಹೊಡೆದ ಮೇಲೆ ಬರುತ್ತದೆ, ಕೆಲವರಿಗೆ ಬೇಗ ಬರುತ್ತದೆ. ಯಾರಿಗೆ ಯಾವಾಗ ಅಂತ ಮೊದಲೇ ಹೇಳಲು ಆಗುವುದಿಲ್ಲ. ಒಮ್ಮೆ ದೇಹ ಅದನ್ನು ಶತ್ರು ಅಂತ ಗುರುತಿಸಿಬಿಟ್ಟರೆ ಆಮೇಲೆ ತೀರಾ ಸ್ವಲ್ಪ ಸೋಕಿದರೂ ದಮ್ಮು ಕಟ್ಟುತ್ತದೆ. ತೊಂದರೆ ಆಗಲೇ ಕಾಣಿಸದೆ ಗಂಟೆಗಟ್ಟಲೆ ಬಿಟ್ಟು ಬರಬಹುದು. ಅದಕ್ಕೇ ಜನ ಅದನ್ನು ನೆಗಡಿ, ಥಂಡಿ ಅಂದುಕೊಳ್ಳುತ್ತಾರೆ. ಚರ್ಮಕ್ಕೆ ತಗಲುವುದೂ ಒಳ್ಳೆಯದಲ್ಲ. ಹಾಗಾಗಿ ಬರಿಗೈಯಲ್ಲಿ ಬೆರೆಸುವುದು, ತಿನ್ನರಿನಲ್ಲಿ ಕೈ ತೊಳೆಯುವುದು ಎರಡೂ ಬೇಡ.

ಮಾಸ್ಕ್ ಬಗ್ಗೆ ಜಾಸ್ತಿ ಹೇಳಲೇಬೇಕು, ಏಕೆಂದರೆ ಎಲ್ಲರೂ ಅಲ್ಲೇ ಸಮಾಧಾನ ಮಾಡಿಕೊಳ್ಳುತ್ತಾರೆ. ಕರ್ಚೀಫಿನಿಂದ ಏನೂ ಉಪಯೋಗವಿಲ್ಲ. ಕೊರೊನಾ ಕಾಲದ ಎನ್-95 ಧೂಳು ತಡೆಯುತ್ತದೆ, ಹಬೆಯನ್ನು ತಡೆಯುವುದಿಲ್ಲ. ಎರಡು ಫಿಲ್ಟರ್ ಡಬ್ಬಿ ಇರುವ ಕಾರ್ಟ್ರಿಜ್ ಮಾಸ್ಕ್ ತಂದರೂ ಒಂದು ಕಷ್ಟ ಇದೆ. ನಮಗೆ ಮೂಗಿಗೆ ಬರುವುದು ತಿನ್ನರ್ ವಾಸನೆ. ಐಸೊಸಯನೇಟ್ ವಾಸನೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿ ಅದು ಅಪಾಯದ ಮಟ್ಟವನ್ನು ಯಾವಾಗಲೋ ದಾಟಿರುತ್ತದೆ. ಹಾಗಾಗಿ ಕಾರ್ಟ್ರಿಜ್ ಮುಗಿದು ಒಳಗೆ ಬರುತ್ತಿದೆ ಅನ್ನುವುದು ಗೊತ್ತೇ ಆಗುವುದಿಲ್ಲ. ಗಡ್ಡ ಇದ್ದರಂತೂ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಈ ಪೇಂಟಿಗೆ ಬೇಕಾಗಿರುವುದು ಬೇರೆ ಕಡೆಯಿಂದ ಶುದ್ಧ ಗಾಳಿಯನ್ನು ಪೈಪಿನಲ್ಲಿ ತಂದು ಮುಖಕ್ಕೆ ಕೊಡುವ ಮಾಸ್ಕ್. ಅದು ಮನೆಯ ಶೆಡ್ಡಿನಲ್ಲಿ ಯಾರ ಹತ್ತಿರ ಇದೆ ಹೇಳಿ?

"ನಮ್ಮ ಹುಡುಗರೆಲ್ಲ ಹಾಗೇ ಹೊಡೆಯೋದು" ಅನ್ನುವ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಎಷ್ಟೋ ವರ್ಕ್‌ಶಾಪಿನಲ್ಲಿ 18, 20 ವರ್ಷದ ಹುಡುಗರು ದಿನಾ ಕರ್ಚೀಫ್ ಕಟ್ಟಿಕೊಂಡು ಇದನ್ನೇ ಹೊಡೆಯುತ್ತಿದ್ದಾರೆ. ಮಾಲೀಕರು ಇದನ್ನು ಓದುತ್ತಿದ್ದರೆ ಕೈ ಮುಗಿದು ಕೇಳುತ್ತೇನೆ, ಅವರಿಗೆ ಸರಿಯಾದ ಮಾಸ್ಕ್ ಕೊಡಿ. ಸಂಜೆ ಹೊತ್ತು ಕೆಮ್ಮುವ ಹುಡುಗನನ್ನು ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಇನ್ನೊಂದು ಅಪಾಯ ಬೆಂಕಿ. ನಮ್ಮ ಕಡೆ ಸ್ನಾನದ ನೀರಿಗೆ ಸೌದೆ ಒಲೆ ಉರಿಯುತ್ತಲೇ ಇರುತ್ತದೆ, ಹೆಚ್ಚಿನ ಮನೆಗಳಲ್ಲಿ ಶೆಡ್ಡಿನ ಪಕ್ಕದಲ್ಲೇ. ತಿನ್ನರಿನ ಹಬೆ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಿದು ಒಲೆಯವರೆಗೆ ಹೋಗಬಲ್ಲದು. ಕಂಪ್ರೆಸರಿನ ಸ್ವಿಚ್ಚಿನ ಕಿಡಿಯೂ ಸಾಕು. ಕಣದಲ್ಲಿ ಕಾಫಿ ಅಥವಾ ಮೆಣಸು ಒಣಗಲು ಹಾಕಿದ್ದರೆ ಪೇಂಟಿನ ಯೋಚನೆಯನ್ನೇ ಬಿಡಿ. ಗಾಳಿಗೆ ತೇಲಿದ ಬಣ್ಣ ನೀವು ಅಂದುಕೊಂಡದ್ದಕ್ಕಿಂತ ದೂರ ಹೋಗಿ ಕೂರುತ್ತದೆ.

ಹಾಗಾದರೆ ದುಡ್ಡು ಉಳಿಸುವುದು ಹೇಗೆ ಅಂತ ಕೇಳುತ್ತೀರಿ. ಪೇಂಟಿಂಗ್ ಬಿಲ್ಲಿನಲ್ಲಿ ದೊಡ್ಡ ಪಾಲು ಕೂಲಿ. ಬಿಚ್ಚುವುದು, ತುಕ್ಕು ತೆಗೆಯುವುದು, ಪಟ್ಟಿ, ವಾಟರ್ ಪೇಪರ್, ಗಾಜು ಮತ್ತು ರಬ್ಬರಿಗೆ ಪೇಪರ್ ಅಂಟಿಸುವುದು, ಇಷ್ಟನ್ನು ಮನೆಯಲ್ಲಿ ಮಾಡಿ. ಆಮೇಲೆ ಬೂತ್ ಇರುವ ವರ್ಕ್‌ಶಾಪಿನಲ್ಲಿ ಕಲರ್ ಮಾತ್ರ ಹೊಡೆಸಿ. ಮೊದಲೇ ಹೋಗಿ ಮಾತಾಡಿದರೆ ಕೆಲವರು ಒಪ್ಪುತ್ತಾರೆ. ನಾವೂ ಕೊನೆಗೆ ಕುಶಾಲನಗರದಲ್ಲಿ ಹಾಗೇ ಮಾಡಿಸಿದೆವು. ಅಲ್ಲಿ ನಮ್ಮ ಕಡೆಗಿಂತ ಮಳೆ, ತೇವ ಎರಡೂ ಕಡಿಮೆ. ಗಾಡಿಯ ಹಿಂದಿನ ತೊಟ್ಟಿಗೆ, ಅಂದರೆ ಚೀಲ ಬಿದ್ದು ಎಳೆದಾಡುವ ಜಾಗಕ್ಕೆ, ಹೊಳಪು ಯಾಕೆ ಬೇಕು? ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಸಿಂಥೆಟಿಕ್ ಎನಾಮಲ್ ಬ್ರಷ್ಷಿನಲ್ಲಿ ತೆಳ್ಳಗೆ ಎರಡು ಕೋಟ್ ಹೊಡೆದರೆ ಸಾಕು. ಅದಕ್ಕೆ ಹಾರ್ಡನರ್ ಬೇಡ. ನಿಧಾನ ಒಣಗುತ್ತದೆ, ಒಣಗಲಿ ಬಿಡಿ. ಬಯಲಿನಲ್ಲಿ ಹೊಡೆಯಿರಿ. ಆ ಎನಾಮಲ್ ಮೇಲೆ ಯಾವತ್ತೂ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆಯಬೇಡಿ, ಕೆಳಗಿನ ಬಣ್ಣ ಸುಕ್ಕುಗಟ್ಟಿ ಎದ್ದು ಬರುತ್ತದೆ. ಬಣ್ಣವನ್ನೇ ಬದಲಾಯಿಸುವುದಾದರೆ ಮೊದಲು ಆರ್‌ಟಿಓದಲ್ಲಿ ವಿಚಾರಿಸಿ. ಆರ್‌ಸಿಯಲ್ಲಿ ಒಂದು ಬಣ್ಣ, ಗಾಡಿಯಲ್ಲಿ ಇನ್ನೊಂದು ಇದ್ದರೆ ಎಫ್‌ಸಿಯಲ್ಲಿ ನಿಲ್ಲಿಸುತ್ತಾರೆ. ಪ್ರತಿಫಲಿಸುವ ಟೇಪನ್ನೂ ಮತ್ತೆ ಅಂಟಿಸಬೇಕು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು.

ಈಗಾಗಲೇ ಟೂ-ಕೆ ಹೊಡೆದು, ರಾತ್ರಿ ಕೆಮ್ಮು, ಎದೆ ಬಿಗಿತ, ಸಿಳ್ಳೆ ಸದ್ದು ಬರುತ್ತಿದ್ದರೆ ಮತ್ತೆ ಗನ್ ಹಿಡಿಯಬೇಡಿ. ಒಂದು ಕೋಟ್ ಮಾತ್ರ ಬಾಕಿ ಇದೆ ಅಂತಲೂ ಬೇಡ. ಹಾರ್ಡನರ್ ಡಬ್ಬಿಯ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ, ಸುಮ್ನೆ "ಪೇಂಟ್ ವಾಸನೆ" ಅಂತ ಹೇಳಬೇಡಿ. ತಮ್ಮ ಈಗ ಇನ್‌ಹೇಲರ್ ಇಟ್ಟುಕೊಂಡಿದ್ದಾನೆ. ತೋಟದ ಕೆಲಸ ಮಾಡುತ್ತಾನೆ, ಆದರೆ ಏರು ಹತ್ತುವಾಗ ನಿಂತು ನಿಂತು ಹತ್ತುತ್ತಾನೆ. ವರ್ಕ್‌ಶಾಪಿನ ಒಳಗೆ ಕಾಲಿಡಬಾರದು ಅಂದಿದ್ದಾರೆ.

ಉಳಿದ ಹಾರ್ಡನರ್ ವಿಷಯ ಒಂದು ಬಾಕಿ. ಅರ್ಧ ಬಳಸಿದ ಡಬ್ಬಿಯನ್ನು ಮುಚ್ಚಿ ಶೆಡ್ಡಿನ ಅಟ್ಟದಲ್ಲಿ ಇಡುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಒಳಗೆ ತೇವ ಹೋಗಿದ್ದರೆ ಅನಿಲ ಕಟ್ಟಿ ಡಬ್ಬಿ ಉಬ್ಬುತ್ತದೆ, ಸಿಡಿಯಲೂಬಹುದು. ಮುಚ್ಚಳ ಉಬ್ಬಿದ ಡಬ್ಬಿ ಕಂಡರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮಕ್ಕಳನ್ನು ದೂರ ಇಟ್ಟು, ಮುಖಕ್ಕೆ ಹತ್ತಿರ ತರದೆ ಬಯಲಿಗೆ ಸಾಗಿಸಿ, ಅಂಗಡಿಯವರನ್ನೇ ಕರೆದು ತೆಗೆದುಕೊಂಡು ಹೋಗಲು ಹೇಳಿ. ತೋಡಿಗೆ, ಕೆರೆಗೆ ಮಾತ್ರ ಸುರಿಯಬೇಡಿ.